ಅರವತ್ತನೆಯ ಸರಪಳಿ

ನಾನು ಭೂಮಿ ಅಳೆಯುವ ಸರಪಳಿ. ಸರ್ವೆಯವರು ಚೈನು ಎನ್ನುತ್ತಾರೆ. ಮೈಸೂರಿನ ಒಂದು ಕಮ್ಮಾರಸಾಲೆಯಲ್ಲಿ ಹುಟ್ಟಿದೆ. ದಪ್ಪ ತಂತಿಯನ್ನು ಕಡ್ಡಿ ಕಡ್ಡಿಯಾಗಿ ಕತ್ತರಿಸಿ, ತುದಿಗಳನ್ನು ಉಂಗುರದಂತೆ ಬಗ್ಗಿಸಿ, ಒಂದಕ್ಕೊಂದು ಕೊಂಡಿ ಹಾಕಿ, ಎರಡು ತುದಿಗೂ ಹಿತ್ತಾಳೆಯ ಹಿಡಿ ಕೂರಿಸಿದರು. ಸಾಲೆಯ ನೆಲದಲ್ಲಿ ಮೂವತ್ತಮೂರು ಅಡಿ ಅಂತರಕ್ಕೆ ಎರಡು ಮೊಳೆ ಹೊಡೆದಿದ್ದರು. ಮುದುಕ ಮೇಸ್ತ್ರಿ ನನ್ನನ್ನು ಆ ಮೊಳೆಗಳಿಗೆ ಎಳೆದು ನೋಡಿದ. ಕೂದಲೆಳೆಯಷ್ಟು ಕುಗ್ಗಿದ್ದರೂ, ಹಿಗ್ಗಿದ್ದರೂ ಮತ್ತೆ ಕುಲುಮೆಗೇ. ನಾನು ಸರಿಯಾಗಿ ಕೂತೆ. ಆ ಸೊಕ್ಕು ನನಗೆ ಬಹಳ ವರ್ಷ ಇತ್ತು.

ನನ್ನ ಉದ್ದವನ್ನು ಹದಿನಾರು ಪಾಲು ಮಾಡಿ ಒಂದೊಂದನ್ನೂ ಆಣೆ ಎನ್ನುತ್ತಾರೆ. ನನ್ನಷ್ಟು ಉದ್ದ, ನನ್ನಷ್ಟು ಅಗಲ ಇದ್ದರೆ ಒಂದು ಗುಂಟೆ. ಅಂಥ ನಲವತ್ತು ಗುಂಟೆ ಸೇರಿದರೆ ಎಕರೆ. ಅಣ್ಣತಮ್ಮಂದಿರು ಬಡಿಗೆ ಹಿಡಿದು ನಿಂತ ಬದುವಿನ ಮೇಲೆ ನನ್ನನ್ನು ಎಳೆದರೆ ಸಾಕು, ಬಾಯಿ ಮುಚ್ಚುತ್ತಿದ್ದವು. ಮನುಷ್ಯರ ಮಾತಿಗಿಂತ ನನ್ನ ಮಾತೇ ಮೇಲು ಎಂದು ನಾನೂ ನಂಬಿಬಿಟ್ಟಿದ್ದೆ.

ನನ್ನ ಮೊದಲ ಒಡೆಯರು ಸರ್ವೆಯರ್ ವೆಂಕಟವರದಯ್ಯ. ಅವರು ಹಿಂದಿನ ಹಿಡಿ ಹಿಡಿದರೆ, ಮುಂದಿನ ಹಿಡಿ ಹಿಡಿದು ನಡೆಯುವವನು ಚೈನು ಎಳೆಯುವ ಜವಾನ ಮರಿಶೆಟ್ಟಿ. ಮರಿಶೆಟ್ಟಿ ಕೋಡಿಮಾಳದವನು, ಇಪ್ಪತ್ತೆರಡರ ಹುಡುಗುಬುದ್ಧಿ, ಬಿರುಸು ಕಾಲು. ಒಬ್ಬರು ಮಡಿವಂತರು, ಇನ್ನೊಬ್ಬ ಮುದ್ದೆ ಉಂಡು ಬೆಳೆದವನು. ನನ್ನ ಎರಡು ತುದಿಗಿದ್ದ ಕಾರಣಕ್ಕೆ ಅವರಿಬ್ಬರಿಗೂ ಒಬ್ಬರಿಗೊಬ್ಬರು ಮೂವತ್ತಮೂರು ಅಡಿ ದೂರದ ಸ್ನೇಹ.

ಕರಡಿಬಾರೆ ಗುಡ್ಡದ ಕಾಡಿಗೆ ಸರ್ಕಾರ ಗಡಿ ಗುರುತಿಸಬೇಕೆಂದಾಗ ನಾವೇ ಹೋದೆವು. ನಕ್ಷೆಯ ಪ್ರಕಾರ ಗುಡ್ಡದ ನೆತ್ತಿಯ ಬಂಡೆಯಿಂದ ಪೂರ್ವಕ್ಕೆ ಅರವತ್ತು ಸರಪಳಿ ಇಳಿದು ಅಲ್ಲಿ ಕಾಡಿನ ಗಡಿಕಲ್ಲು ನೆಡಬೇಕು. ಇಳಿಜಾರಿನಲ್ಲಿ ಅಳೆಯುವುದಕ್ಕೆ ಒಂದು ಕ್ರಮವಿದೆ. ನನ್ನನ್ನು ನೆಲಕ್ಕೆ ತಾಗಿಸಬಾರದು. ಕೆಳಗಿನವನು ಹಿಡಿಯನ್ನು ತಲೆಯ ಮಟ್ಟಕ್ಕೆ ಎತ್ತಿ ನನ್ನನ್ನು ನೀರಿನ ಹಾಗೆ ಸಮಕ್ಕೆ ನಿಲ್ಲಿಸಬೇಕು, ಅಲ್ಲಿಂದ ತೂಗುಗುಂಡು ಬಿಟ್ಟು ನೆಲದ ಮೇಲೆ ಗುರುತು ಹಾಕಬೇಕು. ಇಳಿಜಾರು ಕಡಿದಾಗಿದ್ದರೆ ಆಣೆ ಆಣೆಗೂ ಹೀಗೇ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಕೈ ಬಿದ್ದುಹೋಗುವ ಕೆಲಸ.

ಅವತ್ತು ಏಕಾದಶಿ. ವೆಂಕಟವರದಯ್ಯನವರು ಹನಿ ನೀರೂ ಮುಟ್ಟದೆ ಉಪವಾಸವಿದ್ದರು. ಐದು ಸರಪಳಿ ಇಳಿಯುವಷ್ಟರಲ್ಲಿ ಅವರಿಗೆ ಕಣ್ಣು ಕತ್ತಲಿಟ್ಟು, ಬಂಡೆಯ ಮೇಲೆ ಕುಳಿತುಬಿಟ್ಟರು. ಮರಿಶೆಟ್ಟಿ ಹೆಗಲ ವಸ್ತ್ರದಿಂದ ಅವರಿಗೆ ಗಾಳಿ ಹಾಕಿದ.

"ಹಂಗೇ ನೆಲದ್ ಮ್ಯಾಲೆ ಎಳ್ಕಂಡು ಹೋಗ್ಮ ಬುದ್ಧಿ," ಎಂದ. "ಕಾಡೇನ್ ಬಂದು ಕೇಳ್ತದಾ?"

ಅವರು ಆಗಲಿ ಎಂದು ತಲೆ ಆಡಿಸಿದರು. ಮೊದಲು ಇಳಿದದ್ದನ್ನು ಬಿಟ್ಟು, ಮತ್ತೆ ನೆತ್ತಿಯಿಂದಲೇ ನನ್ನನ್ನು ಕಲ್ಲು ಮುಳ್ಳಿನ ಮೇಲೆ ಹಾಸಿ ಎಳೆದರು. ಓರೆಯಾಗಿ ಮಲಗಿದ ಸರಪಳಿ ಸಮಕ್ಕೆ ನಿಂತ ಸರಪಳಿಯಷ್ಟು ದೂರ ಹೋಗುವುದಿಲ್ಲ. ಅರವತ್ತಾಯಿತು ಎಂದು ನಿಂತ ಜಾಗ ನಿಜವಾಗಿ ಐವತ್ತಾರು. ಅಲ್ಲಿಯೇ ಕಲ್ಲು ನೆಟ್ಟು ಪುಸ್ತಕದಲ್ಲಿ ಅರವತ್ತು ಎಂದು ಬರೆದರು. ನನಗೆ ಗೊತ್ತಿತ್ತು. ಹೇಳುವುದಕ್ಕೆ ನನಗೆ ಬಾಯಿಲ್ಲ, ಬರೀ ಕೊಂಡಿಗಳು.

ಮರುವರ್ಷ ಗುಡ್ಡದ ಪೂರ್ವದ ಬುಡದಲ್ಲಿರುವ ಕೋಡಿಮಾಳದ ಹೊಲಗಳನ್ನು ಕೆಳಗಿನಿಂದ ಅಳೆದು ಬಂದಾಗ, ಊರಿನ ಕೊನೆಯ ಬದುವಿಗೂ ಕಾಡಿನ ಕಲ್ಲಿಗೂ ನಡುವೆ ನಾಲ್ಕು ಸರಪಳಿ ಅಗಲದ ಉದ್ದನೆಯ ಪಟ್ಟಿ ಮಿಕ್ಕಿತು. ಅದು ಊರಿನದೂ ಅಲ್ಲ, ಕಾಡಿನದೂ ಅಲ್ಲ. ಸರ್ವೆಯರು ಅದನ್ನು ಸರ್ಕಾರಿ ಜಮೀನು ಎಂದು ಬರೆದುಕೊಂಡರು. ಆಮೇಲೆ ಭೂಮಿಯಿಲ್ಲದವರಿಗೆ ಹಂಚುವ ಕಾಲ ಬಂತು, ಆ ಎರಡು ಎಕರೆ ಪಟ್ಟಿ ಜವರಯ್ಯನೆಂಬ ಕೂಲಿಯವನಿಗೆ ಸಾಗುವಳಿ ಚೀಟಿಯ ಸಮೇತ ಸಿಕ್ಕಿತು. ನೋಡಿ, ಆ ಹೊಲವನ್ನು ಹೆತ್ತವನು ನಾನೇ. ಒಬ್ಬ ಬ್ರಾಹ್ಮಣರ ಉಪವಾಸದಿಂದ ಒಬ್ಬ ಹೊಲೆಯರ ಮನೆಗೆ ಅನ್ನ ಹುಟ್ಟಿತು ಎಂದು ನಾನು ಎಷ್ಟೋ ವರ್ಷ ಒಳಗೇ ನಕ್ಕಿದ್ದೇನೆ.

ಜವರಯ್ಯ ಲಂಟಾನ ಕಿತ್ತ, ಕಲ್ಲು ಆಯ್ದು ಬದು ಕಟ್ಟಿದ. ಹುರುಳಿ, ಅವರೆ, ಒಂದಿಷ್ಟು ರಾಗಿ. ಅವನ ತರುವಾಯ ಮಗ, ಮಗನ ತರುವಾಯ ಸೊಸೆ ಸಣ್ಣತಾಯಮ್ಮ. ಹಂದಿ ಬಂದರೆ ತಮಟೆ ಬಡಿದಳು, ಆನೆ ಬಂದರೆ ದೂರ ನಿಂತು ಕೈ ಮುಗಿದಳು. ಆದರೆ ಆ ಕಲ್ಲಿನಾಚೆ ಒಂದು ಕಡ್ಡಿ ಸೌದೆಗೂ ಅವಳು ಕಾಲಿಟ್ಟವಳಲ್ಲ. ಮಾವ ಸಾಯುವಾಗ, ಕಲ್ಲಿನಿಂದ ಈಚೆ ನಮ್ಮದು, ಆಚೆ ಸರ್ಕಾರದ್ದು ಎಂದು ಹೇಳಿ ಹೋಗಿದ್ದನಂತೆ.

ಇತ್ತ ನನಗೆ ಮುಪ್ಪು ಬಂತು. ಉಕ್ಕಿನ ಟೇಪು ಬಂದ ಮೇಲೆ ಕಚೇರಿಯ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದೆ. ನಿವೃತ್ತನಾದ ದಿನ ಮರಿಶೆಟ್ಟಿ ಸಾಹೇಬರನ್ನು ಕೇಳಿ ನನ್ನನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ತಂದ. ಅವನ ಹೆಂಡತಿ ನನ್ನ ಮೇಲೆ ಬಟ್ಟೆ ಒಣಹಾಕಿದಳು. ಊರಿನಲ್ಲಿ ನಿವೇಶನದ ಜಗಳವಾದರೆ ಮಾತ್ರ ಸೀರೆ ಪಂಚೆ ಕಿತ್ತುಹಾಕಿ ನನ್ನನ್ನು ಕರೆದೊಯ್ಯುತ್ತಿದ್ದರು. ಮರಿಶೆಟ್ಟಿ ಸರಪಳಿ ಹಾಕಿದ ಮೇಲೆ ಮಾತಿಲ್ಲ ಎಂದು ಊರೇ ಹೇಳುತ್ತಿತ್ತು. ಆ ಮಾತು ಕೇಳಿದಾಗಲೆಲ್ಲ ಅವನು ತಲೆ ತಗ್ಗಿಸುತ್ತಿದ್ದ.

ಕರಡಿಬಾರೆ ಈಗ ವನ್ಯಧಾಮ. ಗುಡ್ಡದ ಪಡುವಲಲ್ಲಿ ಒಂದು ದೊಡ್ಡ ಎಸ್ಟೇಟು, ಅದರ ಯಜಮಾನರನ್ನು ಊರಿನವರು ಕಂಡದ್ದು ಕಾರಿನ ಗಾಜಿನೊಳಗೆ ಮಾತ್ರ. ಆ ಕಡೆಯ ಗಡಿಕಲ್ಲುಗಳಿಗೆ ಕಾಲು ಬಂದಿತ್ತು. ವರ್ಷ ವರ್ಷವೂ ಕಾಡಿನ ಒಳಕ್ಕೆ ನಡೆಯುತ್ತಿದ್ದವು. ಕಲ್ಲು ನಡೆದಲ್ಲೆಲ್ಲ ಕಾಫಿ ಗಿಡ, ಕಾಫಿ ಗಿಡದ ನಡುವೆ ಅತಿಥಿಗಳ ಬಂಗಲೆ. ಇಲಾಖೆ ಕೇಸು ಹಾಕಿತು, ಎಸ್ಟೇಟು ಎದುರು ಕೇಸು ಹಾಕಿತು, ಇಪ್ಪತ್ತು ವರ್ಷ ಎಳೆದಾಡಿದರು. ಕೊನೆಗೆ ಸರ್ಕಾರಕ್ಕೆ ಬೇಸರ ಬಂತು. ಖಾಸಗಿಯವರ ತಕರಾರು ಇರುವ ಜಾಗಗಳನ್ನು ವನ್ಯಧಾಮದಿಂದ ಹೊರಗೆ ಬಿಟ್ಟು ಗಡಿಯನ್ನೇ ಹೊಸದಾಗಿ ಬರೆಯುವುದು, ಆದರೆ ಕಾಡಿನ ಒಟ್ಟು ವಿಸ್ತೀರ್ಣ ಕಡಿಮೆಯಾಗದಂತೆ ಬೇರೆ ಕಡೆಯಿಂದ ಜಾಗ ಸೇರಿಸಿಕೊಳ್ಳುವುದು ಎಂದು ತೀರ್ಮಾನವಾಯಿತು. ಅದಕ್ಕೆ ಗಡಿ ಹೊಂದಾಣಿಕೆ ಎಂದು ಹೆಸರಿಟ್ಟರು. ಹೆಸರೇನೋ ಚೆನ್ನಾಗಿದೆ.

ಬೇರೆ ಕಡೆ ಎಂದರೆ ಕೋಡಿಮಾಳ. ಊರಿನ ಗೋಮಾಳ ಮೊದಲು ಹೋಯಿತು. ಇನ್ನೂ ಸಾಲದೆ ಬಂದಾಗ ಉಪಗ್ರಹದ ಯಂತ್ರ ಹಿಡಿದವರು ಪೂರ್ವದ ಕಲ್ಲಿನ ಹತ್ತಿರ ಬಂದರು. ಕಲ್ಲು ಇರಬೇಕಾದ ಜಾಗಕ್ಕಿಂತ ನಾಲ್ಕು ಸರಪಳಿ ಮೇಲಿದೆ ಎಂದು ಯಂತ್ರ ಹೇಳಿತು. ಸಣ್ಣತಾಯಮ್ಮನಿಗೆ ನೋಟಿಸು ಬಂತು. ಅವಳ ಮಾವ ಜವರಯ್ಯ ಗಡಿಕಲ್ಲು ಕಿತ್ತು ಮೇಲೆ ನೆಟ್ಟು ಎರಡು ಎಕರೆ ಕಾಡನ್ನು ಒತ್ತುವರಿ ಮಾಡಿದ್ದಾನೆ, ಹದಿನೈದು ದಿನದೊಳಗೆ ವಿಚಾರಣೆಗೆ ಹಾಜರಾಗತಕ್ಕದ್ದು.

ಅವಳಿಗೆ ಇದ್ದದ್ದು ಆ ಎರಡು ಎಕರೆಯೇ. ಅದು ಹೋದರೆ ಐವತ್ತೈದನೆಯ ವಯಸ್ಸಿನಲ್ಲಿ ಕಂಡವರ ಹೊಲದ ಕಳೆಗೆ ಹೋಗಬೇಕು. ಆದರೂ ಅವಳನ್ನು ಹೆಚ್ಚು ಸುಟ್ಟದ್ದು ಕಳ್ಳತನದ ಮಾತು. ನೋಟಿಸು ಹಿಡಿದು ಮರಿಶೆಟ್ಟಿಯ ಜಗಲಿಗೆ ಬಂದು ಕುಳಿತಳು. ಮಾವ ಕಲ್ಲು ಕಿತ್ತವನಲ್ಲ, ಅದನ್ನು ನೆಟ್ಟಾಗ ಇದ್ದವರಲ್ಲಿ ನೀವೊಬ್ಬರೇ ಉಳಿದಿರುವುದು, ಬಂದು ಒಂದು ಮಾತು ಹೇಳಿ ಎಂದು ಕೇಳಿಕೊಂಡಳು.

ಮರಿಶೆಟ್ಟಿಗೆ ಎಂಬತ್ತು ದಾಟಿತ್ತು. ಅವಳು ಹೋದ ಮೇಲೆ ಹಗ್ಗದ ಬದಲು ಕಟ್ಟಿದ್ದ ನನ್ನನ್ನು ಬಿಚ್ಚಿ, ಸೀಮೆಎಣ್ಣೆ ಹಾಕಿ ಕೊಂಡಿ ಕೊಂಡಿಯನ್ನೂ ಉಜ್ಜಿದ. ಉಜ್ಜುತ್ತಾ ಅಳುತ್ತಿದ್ದ. ಅರವತ್ತು ವರ್ಷ ಎದೆಯಲ್ಲಿಟ್ಟುಕೊಂಡದ್ದನ್ನು ಹೇಳಿಬಿಟ್ಟರೆ ಹೆಣ್ಣುಮಗಳು ಉಳಿಯುತ್ತಾಳೆ ಎಂದು ಅವನು ಮನಸಾರೆ ನಂಬಿದ. ನಾನೂ ನಂಬಿದೆ. ನಾವಿಬ್ಬರೂ ಅಳತೆಯವರು. ನ್ಯಾಯದವರಲ್ಲ.

ವಿಚಾರಣೆ ಊರಿನ ಶಾಲೆಯ ಜಗಲಿಯಲ್ಲಿ ನಡೆಯಿತು. ಗಡಿ ಹೊಂದಾಣಿಕೆಯ ಅಧಿಕಾರಿ ಕೆಟ್ಟವರಲ್ಲ. ಮುದುಕನಿಗೆ ಕುರ್ಚಿ ಕೊಡಿಸಿದರು, ಸಣ್ಣತಾಯಮ್ಮನಿಗೂ ಕೊಡಿಸಿದರು. ಎಸ್ಟೇಟಿನ ಪರವಾಗಿ ಒಬ್ಬ ವಕೀಲರು ಬಂದು ಒಂದು ಕಟ್ಟು ಕಾಗದ ಇಟ್ಟು, ಕಾಫಿ ಕುಡಿದು ಹೋದರು. ಮರಿಶೆಟ್ಟಿ ನಡೆದದ್ದನ್ನೆಲ್ಲ ಹೇಳಿದ. ಏಕಾದಶಿ, ಬಿಸಿಲು, ನೆಲದ ಮೇಲೆ ಎಳೆದದ್ದು, ಯಾವುದನ್ನೂ ಬಿಡಲಿಲ್ಲ. ಅಧಿಕಾರಿಗಳಿಗೆ ಆಶ್ಚರ್ಯ. ತೋರಿಸಿ ಎಂದರು.

ಮಾರನೆಯ ಬೆಳಿಗ್ಗೆ ಎಲ್ಲರೂ ಗುಡ್ಡ ಹತ್ತಿದರು. ಮರಿಶೆಟ್ಟಿಯನ್ನು ಇಲಾಖೆಯ ಜೀಪು ನೆತ್ತಿಯ ತನಕ ಒಯ್ದಿತು. ಅವನು ಹಿಂದಿನ ಹಿಡಿ ಹಿಡಿದ. ಮುಂದಿನ ಹಿಡಿಯನ್ನು ಸಣ್ಣತಾಯಮ್ಮ, ನಾನೇ ಹಿಡಿಯುತ್ತೇನೆ ಎಂದು ತೆಗೆದುಕೊಂಡಳು. ಕಳೆ ಕಿತ್ತ ಬೆರಳು, ಒರಟು, ಬಿಸಿ. ನನ್ನನ್ನು ನೆಲದ ಮೇಲೆ ಹಾಸಿ ಇಳಿದರು. ಮುದುಕ ಕೂತು ಕೂತು ಜಾರುತ್ತಾ ಬಂದ. ಅರವತ್ತನೆಯ ಸರಪಳಿ ಸರಿಯಾಗಿ ಹಳೆಯ ಕಲ್ಲಿನ ಬುಡಕ್ಕೆ ಮುಟ್ಟಿತು. ಒಂದು ಬೆರಳಿನ ವ್ಯತ್ಯಾಸವಿಲ್ಲ. ಸಣ್ಣತಾಯಮ್ಮ ಕಲ್ಲಿನ ಮೇಲೆ ಕೈಯಿಟ್ಟು ಮಾವನ ಹೆಸರು ಹೇಳಿ ಅತ್ತಳು.

ಆಮೇಲೆ ಇಲಾಖೆಯ ಸರ್ವೆಯವರಿಬ್ಬರು ನನ್ನನ್ನು ತೆಗೆದುಕೊಂಡು ಕ್ರಮದ ಪ್ರಕಾರ, ಸಮಕ್ಕೆ ಹಿಡಿದು, ತೂಗುಗುಂಡು ಬಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಅಳೆದರು. ಕಲ್ಲಿನ ಹತ್ತಿರ ಐವತ್ತಾರು. ಅಲ್ಲಿ ನಿಲ್ಲದೆ ಹುರುಳಿ ತುಳಿಯುತ್ತಾ ಮುಂದಕ್ಕೆ ಹೋದರು. ಐವತ್ತೇಳು, ಐವತ್ತೆಂಟು, ಐವತ್ತೊಂಬತ್ತು. ಅರವತ್ತಕ್ಕೆ ಅವಳ ಹೊಲದ ಕೆಳಬದು ಬಂತು. ಅಲ್ಲಿ ಗೂಟ ಹೊಡೆದರು. ನಾನು ಹುಟ್ಟಿದಂದಿನಿಂದ ಅಷ್ಟು ಸರಿಯಾದ ಅಳತೆ ಕೊಟ್ಟಿದ್ದಿಲ್ಲ. ಅಷ್ಟು ಹೇಸಿಗೆಯೂ ಪಟ್ಟಿದ್ದಿಲ್ಲ.

ಅಧಿಕಾರಿಗಳು ಮರಿಶೆಟ್ಟಿಯ ಕೈ ಕುಲುಕಿದರು. ಇಂಥ ಪ್ರಾಮಾಣಿಕರು ಈ ಕಾಲದಲ್ಲಿ ಸಿಗುವುದಿಲ್ಲ ಎಂದರು. ಒತ್ತುವರಿ ಎಂಬ ಪದವನ್ನು ಅಲ್ಲಿಯೇ ಹೊಡೆದುಹಾಕಿಸಿ, ಜವರಯ್ಯ ನಿರ್ದೋಷಿ, ತಪ್ಪು ಅಳತೆಯಿಂದ ಅರಣ್ಯದ ಭೂಮಿ ಮಂಜೂರಾಗಿತ್ತು, ಈಗ ಸರಿಪಡಿಸಲಾಗಿದೆ ಎಂದು ಬರೆಸಿದರು. ಹಾಗಾದರೆ ಹೊಲ ನನಗೇ ಬಿಡುತ್ತೀರಾ ಎಂದು ಸಣ್ಣತಾಯಮ್ಮ ಕೇಳಿದಳು. ಎಸ್ಟೇಟಿನವರಿಗೆ ಬಿಟ್ಟಿದ್ದೀರಲ್ಲ ಎಂದೂ ಕೇಳಿದಳು.

ಅಧಿಕಾರಿಗಳು ಮೆಲುದನಿಯಲ್ಲಿ ಹೇಳಿದರು: "ಹೊಂದಾಣಿಕೆ ಇರೋದು ತಕರಾರು ಇರೋ ಜಾಗಕ್ಕೆ, ಅಮ್ಮ. ಅವರ ಕೇಸಿನ್ನೂ ನಡೀತಿದೆ. ನಿಮ್ಮದರಲ್ಲಿ ಈಗ ತಕರಾರೇ ಉಳಿದಿಲ್ಲ."

ಇದ್ದದ್ದು ಇದ್ದಂತೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎನ್ನುತ್ತಾರೆ. ಹೇಳಿದವನ ಕೈ ಕುಲುಕಿ, ಪಕ್ಕದಲ್ಲಿ ನಿಂತವಳ ಎದೆಗೆ ಒದ್ದದ್ದನ್ನು ನಾನು ಅವತ್ತೇ ಕಂಡದ್ದು. ಮರಿಶೆಟ್ಟಿ ಬದುವಿನ ಮೇಲೆ ಕುಳಿತ. ನಾನು ನಿಜ ಹೇಳಿದೆನಲ್ಲ, ನಿನಗೆ ಒಳ್ಳೆಯದಾಗಲಿ ಎಂದಲ್ಲವೇ ಹೇಳಿದ್ದು ಎಂದು ಮತ್ತೆ ಮತ್ತೆ ಅಂದ.

ಸಣ್ಣತಾಯಮ್ಮ ಅವನನ್ನು ಬೈಯಲಿಲ್ಲ. "ಮಾವ್ನ ಹೆಸ್ರು ಉಳ್ಸುದ್ರಿ ಸೆಟ್ರೇ, ಹೊಲ ಉಳೀನಿಲ್ಲ," ಎಂದಳು. ತುಳಿದುಹೋದ ಹುರುಳಿಯನ್ನು ಎತ್ತಿ ನಿಲ್ಲಿಸುತ್ತಾ, "ಕಳ್ಳರು ಅಂತ್ಲೇ ಬಿಟ್ಟಿದ್ರೆ ಕೇಸಾದ್ರೂ ಇರ್ತಿತ್ತು. ಕೇಸಿರ ಗಂಟ ಉಳ್ತಿದ್ದೆ," ಎಂದಳು.

ಮರಿಶೆಟ್ಟಿ ಆ ತಿಂಗಳನ್ನು ದಾಟಲಿಲ್ಲ. ಸಾಕ್ಷಿಯ ವಸ್ತು ಎಂದು ನನ್ನನ್ನು ಇಲಾಖೆಯವರು ಚೀಟಿ ಅಂಟಿಸಿ ಇಟ್ಟುಕೊಂಡಿದ್ದರು. ಆದೇಶವಾದ ಮೇಲೆ ಯಾರಿಗೂ ಬೇಡವಾಗಿ ಅರಣ್ಯದ ಚೌಕಿಯ ಹಿಂದೆ ಬಿದ್ದಿದ್ದೆ. ಹೊಸ ಗಡಿಯ ಗಾಡಿದಾರಿಗೆ ಅಡ್ಡ ಕಟ್ಟಲು ಏನಾದರೂ ಬೇಕೆಂದು ಕಾವಲುಗಾರ ಹುಡುಕುತ್ತಿದ್ದವನು ನನ್ನನ್ನು ಕಂಡ. ಎರಡು ಕಲ್ಲುಕಂಬದ ನಡುವೆ ಬಿಗಿದು, ಮಿಕ್ಕಿದ್ದನ್ನು ಕಂಬಕ್ಕೆ ಸುತ್ತಿ, ಬೀಗ ಹಾಕಿ, ನಡುವೆ ಒಂದು ಕೆಂಪು ಬಟ್ಟೆ ಇಳಿಬಿಟ್ಟ. ಈಗ ನಾನು ಅಳೆಯುವುದು ಹನ್ನೆರಡು ಅಡಿ ದಾರಿಯನ್ನು, ಅದೂ ದಿನಾ ಅದನ್ನೇ. ಸುಳ್ಳು ಅಳತೆ ಕೊಟ್ಟಾಗ ನಾನು ಒಂದು ಮನೆಯನ್ನು ಸಾಕಿದೆ. ನಿಜದ ಅಳತೆ ಕೊಟ್ಟು ಅದನ್ನು ಬೀದಿಗೆ ತಂದೆ. ನನ್ನ ಮೇಸ್ತ್ರಿ ಆ ಎರಡು ಮೊಳೆಗಳನ್ನು ಯಾತಕ್ಕೆ ಹೊಡೆದನೋ, ನನಗೆ ಇಂದಿಗೂ ತಿಳಿಯದು.

ಆದೇಶಕ್ಕೆ ಮುಂಚೆ ಬಿತ್ತಿದ್ದ ಹುರುಳಿ ಈಗ ಕಾಯಿ ಕಟ್ಟಿದೆ. ಕುಡುಗೋಲು ಸೆರಗಿಗೆ ಸಿಕ್ಕಿಸಿಕೊಂಡು ಸಣ್ಣತಾಯಮ್ಮ ಇವತ್ತು ಬಂದಳು. ಕಾವಲುಗಾರ ಪಕ್ಕದೂರಿನವನೇ. ನನ್ನ ಕೆಲಸ ಹೋಗುತ್ತದವ್ವ ಎಂದು ಕೈ ಮುಗಿದ. ಅವಳು ನನ್ನ ಮೇಲೆ ಎರಡೂ ಕೈ ಊರಿ ನಿಂತಳು. ಹೊಲದಲ್ಲಿ ಹತ್ತಿಪ್ಪತ್ತು ಜಿಂಕೆಗಳು ಹುರುಳಿ ಮೇಯುತ್ತಿದ್ದವು.

ಅಷ್ಟರಲ್ಲಿ ಎಸ್ಟೇಟಿನ ಜೀಪು ಬಂತು. ಬಂಗಲೆಯ ಅತಿಥಿಗಳಿಗೆ ಕಾಡು ತೋರಿಸಲು ಅದಕ್ಕೆ ಪರವಾನಗಿಯಿದೆ. ಕಾವಲುಗಾರ ಸಣ್ಣತಾಯಮ್ಮನನ್ನು ಪಕ್ಕಕ್ಕೆ ಸರಿಯಲು ಹೇಳಿ ಬೀಗ ತೆಗೆದು ನನ್ನನ್ನು ನೆಲಕ್ಕೆ ಬಿಟ್ಟ. ಜೀಪು ನನ್ನ ಮೇಲೆ ಹಾದು ಹೊಲದ ಬದುವಿನ ಹತ್ತಿರ ನಿಂತಿತು, ಒಳಗಿದ್ದವರು ಜಿಂಕೆಗಳ ಚಿತ್ರ ತೆಗೆದುಕೊಂಡರು. ಕಾವಲುಗಾರ ನನ್ನನ್ನು ಎತ್ತಿ ಮತ್ತೆ ಬೀಗ ಹಾಕಿದ. ಸಣ್ಣತಾಯಮ್ಮ ಈಚೆಯೇ ನಿಂತಿದ್ದಳು.