ಯಾವ ಮೊನ್ನೆ?

ವೀರಭದ್ರನಿಗೆ ಅನುಮಾನ ಹುಟ್ಟುಗುಣ. ಅಂಗಡಿಯವನು ತಕ್ಕಡಿ ಎತ್ತಿದರೆ ಕೆಳಗೆ ಬಗ್ಗಿ ನೋಡುವ, ಕಂಡಕ್ಟರ್ ನಕ್ಕರೆ ಟಿಕೆಟ್ ತಿರುಗಿಸಿ ಓದುವ ಪೈಕಿ. ಇಪ್ಪತ್ನಾಲ್ಕು ವರ್ಷದ ಈ ಭಾಲ್ಕಿ ಹುಡುಗ ದಿನಾ ರೈಲು ಹತ್ತಿ ಬೀದರಿಗೆ ಬಂದು, ಒಂದು ಸಣ್ಣ ದಿನಪತ್ರಿಕೆಯಲ್ಲಿ ಮೊಬೈಲು, ಗೇಮು, ಇಂಟರ್ನೆಟ್ಟಿನ ಬಗ್ಗೆ ವಾರಕ್ಕೊಂದು ಅಂಕಣ ಬರೆಯುತ್ತಿದ್ದ. ಅಂಕಣದ ಹೆಸರು 'ಪರದೆಯ ಹಿಂದೆ'. ಪ್ರತಿ ಪರದೆಯ ಹಿಂದೆಯೂ ಯಾವನೋ ಒಬ್ಬ ಕೂತು ನಮ್ಮನ್ನು ಮಂಗ ಮಾಡುತ್ತಿದ್ದಾನೆ ಎಂಬುದು ಅವನ ಸಿದ್ಧಾಂತ. "ನಿನಗ ನಿನ್ನ ನೆರಳಿನ ಮ್ಯಾಲೂ ಭರೋಸಾ ಇಲ್ಲ ನೋಡು," ಎಂದು ತಾಯಿ ಲಲಿತಾಬಾಯಿ ಬೈಯುತ್ತಿದ್ದರು. ಅವನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ.

ಇಂಥವನಿಗೆ ಒಂದು ಸೋಮವಾರ ವಾಟ್ಸಾಪಿನಲ್ಲಿ ದೂರೊಂದು ಬಂತು. ಬೀದರಿನಲ್ಲಿ ಜಿಲ್ಲಾ ಮಟ್ಟದ ಮೊಬೈಲ್ ಗೇಮ್ ಪಂದ್ಯಾವಳಿ ನಡೆದಿತ್ತು. ಹಿಂದಿನ ದಿನ, ಭಾನುವಾರ, ಸೆಮಿಫೈನಲ್. ಅಲ್ಲಿಯತನಕ ಅವರವರ ಮನೆಯಲ್ಲಿ ಕೂತೇ ಆಡಬಹುದು. ಗೆದ್ದ ಇಬ್ಬರು ಮಾತ್ರ ಮುಂದಿನ ಭಾನುವಾರ ಬೀದರಿಗೆ ಬಂದು, ಜನ ತುಂಬಿದ ಸಭಾಂಗಣದಲ್ಲಿ ಫೈನಲ್ ಆಡಬೇಕು. ಆ ಇಬ್ಬರಲ್ಲಿ ಒಬ್ಬಳು ಔರಾದದ ಆಯೆಶಾ, ಹತ್ತೊಂಬತ್ತರ ಹುಡುಗಿ. ಅವಳ ಕೈಯಲ್ಲಿ ಸೋತಿದ್ದ ಬೀದರಿನ ಆತೀಫ ಬರೆದಿದ್ದ: "ಆಡಿದ್ದು ಆಕಿ ಅಲ್ರಿ. ಆಕಿ ಅಣ್ಣ ಉಮೇರ. ಔರಾದಕ್ಕ ಹೋಗಿ ಕೇಳ್ರಿ, ಅಂವಾ ಎಂಥಾ ಆಟಗಾರ ಅಂತ ಇಡೀ ಓಣಿಗಿ ಗೊತ್ತದ."

ಸೋತವನ ಮಾತು ಎಂದು ಬೇರೆಯವರಾದರೆ ಅಲ್ಲಿಗೇ ಬಿಡುತ್ತಿದ್ದರು. ಆತೀಫನ ಮೇಲೂ ಒಂದಿಷ್ಟು ಅನುಮಾನ ಪಡಬಹುದಿತ್ತು. ಆದರೆ ಅನುಮಾನದ ಮನುಷ್ಯನಿಗೆ ತನಗೆ ಬೇಕಾದ ಕಡೆಯೇ ಅನುಮಾನ ಬರುತ್ತದೆ. ಮಂಗಳವಾರ ಬೆಳಿಗ್ಗೆ ವೀರಭದ್ರ ಔರಾದದ ಬಸ್ಸು ಹತ್ತಿದ.

ಬಾಗಿಲು ತೆರೆದವನು ಉಮೇರನೇ. ತೆರೆದದ್ದು ಎಡಗೈಯಲ್ಲಿ. ಬಲಗೈ ಅಂಗಿಯ ಜೇಬಿನೊಳಗೆ ಇಳಿದಿತ್ತು. ಕುರ್ಚಿ ಎಳೆದು ಹಾಕಿದ್ದೂ ಎಡಗೈಯಲ್ಲೇ. ಕೊನೆಗೆ ಒಂದು ಗ್ಲಾಸು ನೀರು ತಂದ, ಅದನ್ನೂ ಎಡಗೈಯಲ್ಲೇ ಚಾಚಿದ. ಈ ಸೀಮೆಯಲ್ಲಿ ಹಿಂದೂವಿರಲಿ ಮುಸಲ್ಮಾನನಿರಲಿ, ಮನೆಗೆ ಬಂದವರಿಗೆ ಎಡಗೈಯಲ್ಲಿ ನೀರು ಕೊಡುವವರಿಲ್ಲ. ವೀರಭದ್ರ ಮುಖ ಗಂಟಿಕ್ಕಿ ಗ್ಲಾಸು ತೆಗೆದುಕೊಂಡ, ಕುಡಿಯದೆ ಕೆಳಗಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಪತ್ರಕರ್ತ ಬಂದ ಕೂಡಲೇ ಜೇಬು ಹಿಡಿದು ನಿಂತಿದ್ದಾನೆ. ಆ ಜೇಬಿನಲ್ಲಿ ಏನಿದೆ? ಎರಡನೆಯ ಫೋನೇ ಇರಬೇಕು.

ಆಯೆಶಾ ಹೆದರುವ ಹುಡುಗಿ ಅಲ್ಲ. ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ ಕೊಟ್ಟಳು. ಅದೂ ಅವನಿಗೆ ಸರಿಬರಲಿಲ್ಲ. ಮೊದಲೇ ಬಾಯಿಪಾಠ ಮಾಡಿದವರಷ್ಟೇ ಹೀಗೆ ಉತ್ತರಿಸುತ್ತಾರೆ.

"ಈಗ ಒಂದ ಆಟ ಆಡಿ ತೋರಸ್ತೀರೇನ್ರಿ?"

"ಈಗ ಹ್ಯಾಂಗ ಆಡ್ಲಿ ಸರ್? ಮುಂಜಾನಿಂದ ನೆಟ್ಟೇ ಇಲ್ಲ. ಐತಾರ ಫೈನಲ್ಲಿಗಿ ಬೀದರಕ್ಕ ಬರ್ತೇನಲ್ರಿ, ಎಲ್ಲಾರ ಮುಂದ ಆಡ್ತೇನಿ. ಅವಾಗ ನೋಡ್ರಿ." ಮತ್ತೆ ಅಂದಳು, "ನಾ ಆಡ್ತೇನಿ ಅಂದ್ರ ನಮ್ಮ ಓಣಿಯಾಗೂ ಯಾರೂ ನಂಬಂಗಿಲ್ರಿ. ಅದಕ್ಕೇ ಐತಾರದ ದಾರಿ ನೋಡ್ಲತ್ತೀನಿ."

ನೆಟ್ ಇಲ್ಲವಂತೆ. ಎಷ್ಟು ಹೊಂದಿಕೊಂಡು ಬಂತು, ಎಂದು ವೀರಭದ್ರ ಮನಸ್ಸಿನಲ್ಲೇ ನಕ್ಕ.

ಅವಳು ಚಹಾ ಮಾಡಲು ಒಳಗೆ ಹೋದಳು. ಮಂಚದ ಮೇಲೆ ಅವಳ ಅಜ್ಜಿ ಅನ್ವರಿ ಬೇಗಂ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದರು. ವೀರಭದ್ರ ಫೋನನ್ನು ರೆಕಾರ್ಡಿಗೆ ಹಾಕಿ ಅವರ ಪಕ್ಕದಲ್ಲಿಟ್ಟು, ಈ ಮನೆಯಲ್ಲಿ ಗೇಮ್ ಆಡುವವರು ಯಾರು ಎಂದು ಕೇಳಿದ. ಅಜ್ಜಿ ತಮ್ಮ ದಖನಿ ಉರ್ದುವಿನಲ್ಲಿ ನಿಧಾನಕ್ಕೆ ಏನೇನೋ ಹೇಳುತ್ತಾ ಹೋದರು. ಭಾಲ್ಕಿಯಲ್ಲಿ ಹುಟ್ಟಿ ಬೆಳೆದವನಿಗೆ ದಖನಿ ಬಾರದೆ ಏನು? ಆದರೆ ಅವನ ಕಣ್ಣು ಉಮೇರನ ಜೇಬಿನ ಮೇಲಿತ್ತು. ಕಿವಿಯ ಕೆಲಸವನ್ನು ಫೋನಿಗೆ ಒಪ್ಪಿಸಿಬಿಟ್ಟಿದ್ದ.

ಜಗತ್ತಿನ ಎಲ್ಲ ಯಂತ್ರಗಳ ಮೇಲೂ ಅನುಮಾನ ಪಡುತ್ತಿದ್ದ ಈ ಮಹಾಶಯ ಒಂದನ್ನು ಮಾತ್ರ ಕಣ್ಣು ಮುಚ್ಚಿ ನಂಬಿದ್ದ. ಅದು ಆಡಿದ ಮಾತನ್ನು ಕನ್ನಡಕ್ಕೆ ತಿರುಗಿಸಿ ಬರೆದುಕೊಡುವ ಆ್ಯಪ್. ಅರ್ಧ ದಿನದ ಕೆಲಸ ಅರ್ಧ ನಿಮಿಷದಲ್ಲಿ ಆಗುತ್ತಿತ್ತು. ಕೆಲಸ ಉಳಿಸುವವನ ಮೇಲೆ ಯಾರಿಗೆ ಅನುಮಾನ ಬರುತ್ತದೆ ಹೇಳಿ? ವಾಪಸು ಬರುವಾಗ ಬಸ್ಸು ಸಂತಪುರ ದಾಟಿ ನೆಟ್ ಸಿಕ್ಕ ಕೂಡಲೇ ಆ್ಯಪ್ ತೆರೆದ. ಅಜ್ಜಿಯ ಮಾತು ಅಚ್ಚುಕಟ್ಟಾದ ಕನ್ನಡದಲ್ಲಿ ಬಂದು ಕೂತಿತ್ತು: "ಮೊನ್ನೆಯವರೆಗೆ ಈ ಫೋನಿನಲ್ಲಿ ಉಮೇರನೇ ಆಡುತ್ತಿದ್ದ. ನಂತರ ಮಿಲ್ಲಿಗೆ ಹೋದ."

ವೀರಭದ್ರ ಬೆರಳು ಮಡಿಚಿ ಎಣಿಸಿದ. ಇವತ್ತು ಮಂಗಳವಾರ. ನಿನ್ನೆ ಸೋಮವಾರ. ಮೊನ್ನೆ ಭಾನುವಾರ, ಸೆಮಿಫೈನಲ್ ದಿನ. ಕಳ್ಳ ಸಿಕ್ಕಿದ್ದ. ಖುಷಿಗೆ ಪಕ್ಕದವನಿಗೆ ಕಿಟಕಿ ಸೀಟು ಬಿಟ್ಟುಕೊಟ್ಟ.

"ಪಕ್ಕಾ ಅದನಾ?" ಎಂದು ಸಂಪಾದಕ ಮಲ್ಲಿಕಾರ್ಜುನಪ್ಪ ಕೇಳಿದರು.

"ರೆಕಾರ್ಡ್ ಅದ ಸರ್. ಅವರ ಅಜ್ಜಿನೇ ಹೇಳ್ಯಾರ."

ಗುರುವಾರದ ಪತ್ರಿಕೆಯಲ್ಲಿ ಸುದ್ದಿ ಬಂತು: 'ಗೆದ್ದವಳು ತಂಗಿ, ಆಡಿದವನು ಅಣ್ಣ?' ಕೊನೆಯ ಪ್ರಶ್ನೆ ಚಿಹ್ನೆ ವೀರಭದ್ರನದೇ ಜಾಣತನ. ಅದೊಂದನ್ನು ಹಾಕಿಬಿಟ್ಟರೆ ಪಾಪವೆಲ್ಲ ಓದುಗನ ತಲೆಗೆ ಹೋಗುತ್ತದೆ ಎಂದು ಅವನು ನಂಬಿದ್ದ.

ಭಾಲ್ಕಿಯ ಮನೆಯಲ್ಲಿ ಲಲಿತಾಬಾಯಿ ರೊಟ್ಟಿ ಬಡಿಯುವುದನ್ನು ಬಿಟ್ಟು ಸುದ್ದಿಯನ್ನು ಪೂರ್ತಿ ಓದಿದರು. ಮಗನ ಹೆಸರನ್ನು ಎರಡು ಸಲ ಓದಿದರು. ಆಮೇಲೆ ಕೇಳಿದರು, "ಆ ಹುಡುಗಿ ಏನಂದ್ಳು?"

"ಐತಾರ ಎಲ್ಲಾರ ಮುಂದ ಆಡ್ತೇನಿ, ನೋಡ್ರಿ ಅಂದ್ಳು."

"ಮತ್ತ ಐತಾರ ತನಕ ತಡದಿದ್ರ ನಿಂದೇನು ಗಂಟು ಹೋಗ್ತಿತ್ತು?"

ವೀರಭದ್ರ ಪತ್ರಿಕೆ ಮಡಿಚಿಟ್ಟ. ರೈಲಿಗೆ ಹೊತ್ತಾಯಿತು ಎಂದು ಎದ್ದ. ಮಧ್ಯಾಹ್ನದೊಳಗೆ ಪಂದ್ಯಾವಳಿಯವರು ಆಯೆಶಾಳ ಹೆಸರು ತೆಗೆದು ಆತೀಫನ ಹೆಸರು ಹಾಕಿದರು. ವೀರಭದ್ರ ಅದನ್ನೂ ಸುದ್ದಿ ಮಾಡಿದ, 'ಪತ್ರಿಕೆ ವರದಿಯ ಫಲಶ್ರುತಿ' ಎಂಬ ತಲೆಬರಹದಲ್ಲಿ.

ಶುಕ್ರವಾರ ಅಬ್ದುಲ ಮಜೀದ ಚಾಚಾ ರಜೆ ಮುಗಿಸಿ ಬಂದರು. ಮೂವತ್ತು ವರ್ಷದಿಂದ ಆ ಪತ್ರಿಕೆಯ ಅಚ್ಚಿನ ತಪ್ಪು ತಿದ್ದುತ್ತಿದ್ದವರು. ಅಚ್ಚಾಗಿ ಹೋದ ಪುಟವನ್ನೂ ಪೆನ್ನು ಹಿಡಿದೇ ಓದುವುದು ಅವರ ಚಟ. ಗುರುವಾರದ ಸುದ್ದಿಯ ಒಂದು ಪದದ ಮೇಲೆ ಪೆನ್ನು ನಿಂತಿತು.

"ವೀರಭದ್ರ, ಈ ಅಜ್ಜಿ ನಿನಗ 'ಮೊನ್ನೆ' ಅಂತ ಕನ್ನಡದಾಗ ಹೇಳಿದ್ಳಾ?"

"ಇಲ್ಲ ಚಾಚಾ, ದಖನಿಯಾಗ ಹೇಳಿದ್ರು. ಆ್ಯಪ್ ಕನ್ನಡ ಮಾಡ್ಯಾದ."

"ಹಂಗಂದ್ರ 'ಪರ್ಸೋಂ' ಅಂದಿರಬೇಕು." ಚಾಚಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯಾವ ಪರ್ಸೋಂ ಅಂತ ಕೇಳಿದ್ಯೇನು? ನನ್ನ ನಿಕಾಹ್ ಸುದ್ದಾ ಪರ್ಸೋಂನೇ ಆಗ್ಯಾದಪ್ಪ. ಈಗ ಮೊಮ್ಮಗಳು ಕಾಲೇಜಿಗಿ ಹೋಗ್ತಾಳ."

ವೀರಭದ್ರ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟ. ಪುಸ್ತಕದ ಹಿಂದಿಯಲ್ಲಿ ಆ ಪದಕ್ಕೆ ಮೊನ್ನೆ ಎಂದೋ ನಾಡಿದ್ದು ಎಂದೋ ಅರ್ಥ. ಈ ಸೀಮೆಯ ದಖನಿಯಲ್ಲಿ ಕಳೆದುಹೋದದ್ದೆಲ್ಲ ಪರ್ಸೋಂ. ಮೂರು ದಿನವಾದರೂ ಅದೇ, ಮೂವತ್ತು ವರ್ಷವಾದರೂ ಅದೇ. ಇದು ಅವನಿಗೆ ಗೊತ್ತಿಲ್ಲದ ಸಂಗತಿಯೇ? ಭಾಲ್ಕಿಯಲ್ಲಿ ಅವರ ಮನೆಯ ಹಿಂದಿನ ಅಜೀಜಾ ಬೇಗಂ, ಅವನು ಹುಟ್ಟುವುದಕ್ಕೂ ಮೊದಲಿನ ಭೂಕಂಪದಲ್ಲಿ ಬಿದ್ದ ಗೋಡೆಯನ್ನು ತೋರಿಸಿ "ಪರ್ಸೋಂ ಬಿದ್ದದ್ದು" ಎನ್ನುತ್ತಿದ್ದರು. ಚಿಕ್ಕವನಿದ್ದಾಗ ಅವನೇ ಅವರನ್ನು ಅಣಕಿಸಿ ನಗುತ್ತಿದ್ದ.

ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮೊದಲ ಸಲ ಆ ರೆಕಾರ್ಡ್ ಕೇಳಿದ. ಬೇಳೆ ಮೊರದಲ್ಲಿ ಸರಿಯುವ ಸದ್ದು, ನಡುವೆ ಅಜ್ಜಿಯ ದನಿ: "ಪರ್ಸೋಂ ತಕ್ ಇಸ್ ಫೋನ್ ಪೊ ಉಮೇರ್ ಇಚ್ ಖೇಲ್ತಾ ಥಾ. ಬಾದ್ ಮೇ ಮಿಲ್ ಮೇ ಹಾತ್ ಗಯಾ."

ಹಾತ್ ಗಯಾ. ಕೈ ಹೋಯಿತು. ದಾಲ್ ಮಿಲ್ಲಿನಲ್ಲಿ ಕೈ ಹೋಯಿತು. ಯಂತ್ರ 'ಕೈ'ಯನ್ನು ನುಂಗಿ 'ಹೋದ' ಎಂಬುದನ್ನಷ್ಟೇ ಉಗುಳಿತ್ತು. ಜೇಬಿನಲ್ಲಿ ಏನಿತ್ತು ಎಂದು ವೀರಭದ್ರನಿಗೆ ಆಗ ತಿಳಿಯಿತು.

ಪಂದ್ಯಾವಳಿಯವರಿಗೆ ಫೋನ್ ಮಾಡಿ, ಸುದ್ದಿ ತಪ್ಪಾಗಿದೆ, ಆಯೆಶಾಳ ಹೆಸರು ಮತ್ತೆ ಸೇರಿಸಿ ಎಂದ. "ಪಟ್ಟಿ ಪಕ್ಕಾ ಆಗೇದ್ರಿ. ಫ್ಲೆಕ್ಸ್ ಸುದ್ದಾ ಹಾಕಿ ಆಯ್ತು," ಎಂದರು. "ಮತ್ತ ಪೇಪರಿನಾಗ ನೀವೇ ಬರದೀರಲ್ರಿ. ಅವಾಗ ಸುಳ್ಳು ಬರದಿದ್ರಾ, ಈಗ ಸುಳ್ಳು ಹೇಳ್ಲತ್ತೀರಾ?" ಅನುಮಾನ ತಿರುಗಿ ಅವನ ಮನೆಬಾಗಿಲಿಗೇ ಬಂದಿತ್ತು.

ಶನಿವಾರ ಮತ್ತೆ ಔರಾದಕ್ಕೆ ಹೋದ. ಉಮೇರನೇ ಬಾಗಿಲು ತೆರೆದ, ಒಳಗೆ ಹೋಗಿ ನೀರು ತಂದ. ಈ ಸಲ ಗ್ಲಾಸು ಬಲಗೈಯಲ್ಲಿತ್ತು. ಹೆಬ್ಬೆರಳಿಲ್ಲದ ಆ ಕೈಯಲ್ಲಿ ಉಳಿದಿದ್ದ ಎರಡೇ ಬೆರಳು ಗ್ಲಾಸನ್ನು ಅಂಗೈಗೆ ಒತ್ತಿ ಹಿಡಿದಿದ್ದವು. ನೀರು ತುಳುಕಿ ನೆಲಕ್ಕೆ ಬಿತ್ತು.

"ಆವತ್ತ ಎಡಗೈಲಿಂದ ಕೊಟ್ಟೆ ಅಂತ ನೀವು ಕುಡೀಲಿಲ್ರಿ," ಎಂದ ಉಮೇರ. "ತಗೋರಿ."

ವೀರಭದ್ರ ಎರಡೂ ಕೈ ಚಾಚಿ ಗ್ಲಾಸು ತೆಗೆದುಕೊಂಡು ಪೂರ್ತಿ ಕುಡಿದ. ಎರಡು ವರ್ಷದ ಹಿಂದೆ ಮಿಲ್ಲಿನ ಬೆಲ್ಟಿಗೆ ಕೈ ಸಿಕ್ಕಿತ್ತು, ಎಂದು ಉಮೇರ ಹೇಳಿದ. ಅಲ್ಲಿಯತನಕ ಔರಾದದಲ್ಲಿ ಆಟದಲ್ಲಿ ಅವನನ್ನು ಸೋಲಿಸುವವರಿರಲಿಲ್ಲ. ಬೆರಳು ಹೋದ ಮೇಲೆ ಫೋನನ್ನು ತಂಗಿಗೆ ಕೊಟ್ಟು, ಪಕ್ಕದಲ್ಲಿ ಕೂತು ಬಾಯಲ್ಲೇ ಆಟ ಕಲಿಸಿದ್ದ.

ಆಯೆಶಾ ಗೋಡೆಗೊರಗಿ ನಿಂತಿದ್ದಳು. ಅತ್ತು ಕಣ್ಣು ಊದಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ತಪ್ಪು ನಂದ್ರಿ," ಎಂದ ವೀರಭದ್ರ. "ನಾಳಿಗಿ ಮೊದಲನೇ ಪುಟದಾಗ ತಿದ್ದುಪಡಿ ಬರ್ತದ. ನನ್ನ ಹೆಸರು ಹಾಕೇ ಬರ್ತದ."

"ನಾಳಿಗಿ ಆಟ ಯಾರು ಆಡ್ತಾರ್ರಿ?"

"ಆತೀಫ."

ಮಂಚದ ಮೇಲೆ ಬೇಳೆ ಹಸನು ಮಾಡುತ್ತಿದ್ದ ಅಜ್ಜಿಯ ಮೊರ ಒಂದು ಗಳಿಗೆ ನಿಂತಿತು.

"ನಿಮ್ಮ ತಿದ್ದುಪಡಿ ನಾಳಿ ಒಂದ ದಿನ ಇರ್ತದ್ರಿ," ಎಂದಳು ಆಯೆಶಾ. "ನಾಡದ್ದ ಅದರಾಗ ಭಜಿ ಕಟ್ಟಿ ಕೊಡ್ತಾರ. ನಿಮ್ಮ ಸುದ್ದಿ ಹಂಗಲ್ಲ. ಹತ್ತ ವರ್ಷ ಆದ ಮ್ಯಾಲೂ ನನ್ನ ನೋಡಿ ಜನ ಏನಂತಾರ ಗೊತ್ತದೇನ್ರಿ? 'ಈಕಿನೇ ನೋಡು, ಪರ್ಸೋಂ ಪೇಪರಿನಾಗ ಬಂದಿದ್ಳಲ್ಲ, ಮೋಸ ಮಾಡಿ ಗೆದ್ದಾಕಿ.'"

ಅನ್ವರಿ ಬೇಗಂ ತಲೆ ಎತ್ತದೆ "ಹೌ," ಎಂದರು. ಮೊರ ಮತ್ತೆ ಸದ್ದು ಮಾಡತೊಡಗಿತು. ವೀರಭದ್ರ ಆ ದಿನ ಫೋನನ್ನು ಜೇಬಿನಿಂದ ತೆಗೆದಿರಲಿಲ್ಲ. ಮಾತೆಲ್ಲ ನೇರ ಕಿವಿಗೇ ಬಿತ್ತು.