ಕಂಬದೊಳಗಿನ ಎಣ್ಣೆ

ಗಾಲಿಕುರ್ಚಿ ರಿಪೇರಿಯವರು ಮುಂದಿನ ಸೋಮವಾರ ಬರುತ್ತೇನೆಂದು ಹೇಳಿ ಹೋಗಿದ್ದರು. ಅಷ್ಟರಲ್ಲಿ ಅಕ್ಕ ಬ್ರೇಕಿನ ಹಿಡಿಕೆಯೊಂದನ್ನು ಉಕ್ಕಿನಲ್ಲಿ ನುಣ್ಣಗೆ ಕೊರೆದಿಡಬೇಕಿತ್ತು. ಮಾದರಿ ಒಪ್ಪಿಗೆಯಾದರೆ ಅವರ ಕೆಲಸವೆಲ್ಲ ಅವಳದೇ. ಇಲ್ಲವಾದರೆ ಹಿತ್ತಿಲ ಕೋಣೆಯ ಮೇಜಿನ ಮೇಲಿರುವ, ಲೋಹ ಕೊರೆಯುವ ಪುಟ್ಟ ಮಿಲ್ಲಿಂಗ್ ಯಂತ್ರವನ್ನು ಮಾರಿ, ಮೂರು ವರ್ಷದ ಹಿಂದೆ ಬಿಟ್ಟುಬಂದ ಕಾರ್ಖಾನೆಯ ಪಾಳಿಗೆ ಮರಳಬೇಕು. ಹಿತ್ತಾಳೆ, ಅಲ್ಯೂಮಿನಿಯಂ ಆ ಯಂತ್ರಕ್ಕೆ ಬೆಣ್ಣೆಯಂತೆ. ಉಕ್ಕು ಕೊಟ್ಟರೆ ಮಾತ್ರ ಮೈಯೆಲ್ಲ ನಡುಗಿ, ತುಂಡಿನ ಮೇಲೆ ಮೀನಿನ ಹುರುಪೆಯಂಥ ಗೀರುಗಳನ್ನು ಬಿಡುತ್ತಿತ್ತು.

"ಕಟರ್ ತಪ್ಪಲ್ಲ. ಇದರ ಬೆನ್ನುಮೂಳೆನೇ ಗಟ್ಟಿ ಇಲ್ಲ," ಅಂದಳು ಅಕ್ಕ.

ಬೆನ್ನುಮೂಳೆಯೆಂದರೆ ಯಂತ್ರದ ಹಿಂದೆ ನಿಂತಿರುವ ಎರಕದ ಕಬ್ಬಿಣದ ಕಂಬ. ಕಟರ್ ತಿರುಗಿಸುವ ತಲೆಯನ್ನು ಹೊತ್ತಿರುವುದು ಅದೇ, ಒಳಗೆ ಟೊಳ್ಳು. ಅಕ್ಕ ತಲೆಯನ್ನು ಕೈಯಿಂದ ಹಿಂದಕ್ಕೆ ಒತ್ತಿದಳು. ಅಲುಗಾಟ ಅಳೆಯುವ ಡಯಲ್ ಗೇಜಿನ ಮುಳ್ಳು ಹನ್ನೆರಡು ಗೆರೆ ಓಡಿತು. ಒಂದು ಗೆರೆ ಮಿಲಿಮೀಟರಿನ ನೂರನೇ ಒಂದು ಪಾಲು. ಬರೆದುಕೊಳ್ಳುವ ಕೆಲಸ ನನ್ನದು. ಹನ್ನೆರಡೋ ಹನ್ನೆರಡೂವರೆಯೋ ಎಂದು ಮೂರು ಸಲ ಒತ್ತಿಸಿದೆ.

"ಹನ್ನೆರಡು ಅಂತ ಬರಿ ತಾಯಿ. ಅರ್ಧ ಗೆರೆಗೆ ಯಾರೂ ಜೈಲಿಗೆ ಹಾಕಲ್ಲ."

ಕಂಬ ಬಾಗದಿರಲೆಂದು ಅವತ್ತೇ ಮರಳು, ಸಣ್ಣ ಜಲ್ಲಿ, ಎಪಾಕ್ಸಿ ಅಂಟು ಮೂರನ್ನೂ ಗಾರೆಯ ಹದಕ್ಕೆ ಕಲಸಿ ಕಂಬದೊಳಗೆ ತುಂಬಿದೆವು. ಗಟ್ಟಿಯಾಗಲು ಮೂರು ದಿನ. ಅಮ್ಮ ಬಾಗಿಲಲ್ಲಿ ನಿಂತು, "ಮನೆ ಗೋಡೆ ಬಿರುಕು ಬಿಟ್ಟು ವರ್ಷ ಆಯ್ತು, ಅದಕ್ಕೊಂದು ಹಿಡಿ ಗಾರೆ ಸಿಗಲಿಲ್ಲ," ಅಂದಳು.

ಗುರುವಾರ ಮತ್ತೆ ಒತ್ತಿ ನೋಡಿದಾಗ ಮುಳ್ಳು ಹತ್ತು ಗೆರೆ ಓಡಿತು. ಉಕ್ಕು ಕೊಟ್ಟರೆ ಅದೇ ಕಿರುಚಾಟ, ಅದೇ ಹುರುಪೆ. ಅಕ್ಕ ಸ್ವಿಚ್ ಆರಿಸಿ ಸ್ಟೂಲಿನ ಮೇಲೆ ಕೂತಳು.

"ಕಾರ್ಖಾನೆ ಬಸ್ಸು ಈಗಲೂ ಆರೂವರೆಗೇ ಬರುತ್ತಾ?" ಎಂದು ಕೇಳಿದಳು. ಅಷ್ಟು ಮೆತ್ತಗೆ ಅವಳು ಮಾತಾಡುವವಳಲ್ಲ.

ಸುಮ್ಮನೆ ನಿಲ್ಲಲಾಗದೆ ಕಂಬದ ಮೇಲಿನ ಮುಚ್ಚಳ ತೆಗೆದು ನೋಡಿದೆ. ತುಂಬಿದ್ದು ಕಲ್ಲಿನಂತೆ ಕೂತಿತ್ತು. ಆದರೂ ಕಬ್ಬಿಣ ಮತ್ತು ಅದರ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ. ನೋಟ್‌ಬುಕ್ಕಿನ ಹಾಳೆಯೊಂದನ್ನು ಹರಿದು ಅಲ್ಲಿ ತೂರಿಸಿದೆ. ಬೆರಳುದ್ದ ಇಳಿಯಿತು. ಹೊರಗೆಳೆದರೆ ಹಾಳೆಯ ತುದಿ ಪಾರದರ್ಶಕವಾಗಿತ್ತು.

"ಅಕ್ಕಾ, ಇದರೊಳಗೆ ಎಣ್ಣೆ ಹಚ್ಚಿದ್ಯಾ?"

"ಹಚ್ಚದೆ? ತುಕ್ಕು ಹಿಡಿಯಲ್ವಾ? ತಿಂಗಳಿಗೊಂದು ಸಲ ಕೋಲಿಗೆ ಬಟ್ಟೆ ಸುತ್ತಿ ಒಳಗೆ ಆಡಿಸ್ತೀನಿ."

"ತುಂಬೋ ಮುಂಚೆ?"

ಅಕ್ಕ ತನ್ನ ಬೆರಳುಗಳನ್ನು ನೋಡಿಕೊಂಡಳು. ಬರಿಯ ಕಬ್ಬಿಣವನ್ನು ಒಣಗಲು ಬಿಡಬಾರದೆಂದು ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಕಲಿಸಿದ್ದರು. ಯೋಚಿಸದೆಯೇ ಅವಳ ಕೈ ಎಣ್ಣೆ ಹಚ್ಚಿಬಿಟ್ಟಿತ್ತು. ಎಣ್ಣೆಯ ಮೇಲೆ ಅಂಟು ಹಿಡಿದಿರಲಿಲ್ಲ. ತುಂಬಿದ ಕಲ್ಲು ಡಬ್ಬಿಯೊಳಗಿನ ಸಾಬೂನಿನಂತೆ ಬಿಡಿಯಾಗಿ ನಿಂತಿತ್ತು.

"ನನ್ನ ಮೊಣಕಾಲಿಗೆ ಒಂದು ದಿನ ಎಣ್ಣೆ ತಿಕ್ಕಿದವಳಲ್ಲ," ಅಂದಳು ಬಾಗಿಲಿಗೆ ಬಂದಿದ್ದ ಅಮ್ಮ. "ಆ ಕಂಬಕ್ಕೆ ತಿಂಗಳು ತಿಂಗಳು."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕ ಮೇಲೆ ನನಗೂ ಉಸಿರು ಬಂತು.

ಕಂಬವನ್ನು ಬಿಚ್ಚಿ, ಕಂಬಳಿಯ ಮೇಲೆ ತಲೆಕೆಳಗು ಮಾಡಿ, ಮರದ ಸುತ್ತಿಗೆಯಿಂದ ತಟ್ಟಿದೆವು. ಕಲ್ಲು ಇಡಿಯಾಗಿ ಜಾರಿ ಬಂತು. ಅದರ ಮೈಯನ್ನು ತೊಳೆದು ಉಜ್ಜಿ ಒರಟು ಮಾಡಿದೆವು. ಕಂಬದ ಒಳಮೈಯನ್ನು ಎಣ್ಣೆ ಕರಗಿಸುವ ಥಿನ್ನರ್ ಹಾಕಿ ತಿಕ್ಕಿದೆವು. ಪ್ರತಿ ಸಲ ನಾನು ಬಿಳಿ ಬಟ್ಟೆ ಒತ್ತಿ ನೋಡುತ್ತಿದ್ದೆ.

"ಸಾಕಲ್ವೇನೇ? ಇನ್ನು ತಿಕ್ಕಿದ್ರೆ ಕಂಬಾನೇ ಸವೆದು ಹೋಗುತ್ತೆ."

"ಇನ್ನೂ ಸ್ವಲ್ಪ ಹಳದಿ ಇದೆ."

ಏಳನೆಯ ಬಟ್ಟೆ ಬಿಳಿಯಾಗಿಯೇ ಬಂತು. ಎರಡೂ ಮೈಗೆ ಬರೀ ಅಂಟು ಬಳಿದು ಕಲ್ಲನ್ನು ಒಳಗಿಳಿಸಿದೆವು. ಅಷ್ಟು ಹೊತ್ತೂ ಎಣ್ಣೆಯ ಡಬ್ಬಿ ಅಮ್ಮನ ಮಡಿಲಲ್ಲಿತ್ತು. ಅಕ್ಕನ ಕೈಯನ್ನು ನಾವಿಬ್ಬರೂ ನಂಬಲಿಲ್ಲ.

ಭಾನುವಾರ ಸಂಜೆ ಮುಳ್ಳು ನಾಲ್ಕು ಗೆರೆಗೆ ನಿಂತಿತು. ಉಕ್ಕಿನ ಮೇಲೆ ಕಟರ್ ಗುಂಯ್ ಎನ್ನುತ್ತ ಸಾಗಿತು. ಅಕ್ಕ ಹಿಡಿಕೆಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಬೆಚ್ಚಗಿತ್ತು. ಉಗುರಾಡಿಸಿದರೆ ಒಂದು ಗೀರೂ ತಗುಲಲಿಲ್ಲ.

ಸೋಮವಾರ ರಿಪೇರಿಯವರು ಬಂದು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಯಾವ ವರ್ಕ್‌ಶಾಪಲ್ಲಿ ಮಾಡಿಸಿದ್ರಿ?"

"ಇದರಲ್ಲೇ."

ಅವರು ಮೇಜಿನ ಮೇಲಿನ ಯಂತ್ರವನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿದರು. "ಬೇಜಾರು ಮಾಡ್ಕೋಬೇಡಿ. ನನ್ನೆದುರಿಗೆ ಇನ್ನೊಂದು ಮಾಡಿ."

ಎಲ್ಲವನ್ನೂ ಬಿಗಿದಿದ್ದೇವಲ್ಲ ಎಂದು ನಾನು ಕಂಬದ ಬೋಲ್ಟುಗಳನ್ನು ಮನಸ್ಸಿನಲ್ಲೇ ಎಣಿಸಿದೆ. ಅಕ್ಕ ಉಕ್ಕಿನ ತುಂಡು ಬಿಗಿದು ಶುರು ಮಾಡಿದಳು. ಅರ್ಧ ಗಂಟೆ ಅವರು ಕೂರಲೇ ಇಲ್ಲ. ಕೊನೆಗೆ ಎರಡೂ ಹಿಡಿಕೆಗಳನ್ನು ಅಂಗೈಯಲ್ಲಿಟ್ಟು ತಿರುಗಿಸಿದರು.

"ಇದರಲ್ಲಿ ಮೊದಲು ಮಾಡಿದ್ದು ಯಾವುದು?"

"ಬಿಸಿ ಇಲ್ಲದ್ದು," ಅಂದಳು ಅಕ್ಕ.

ಅವರು ನಕ್ಕು, ಸ್ಕೂಟರಿನಿಂದ ಚೀಲವೊಂದನ್ನು ಇಳಿಸಿದರು. ಅದರೊಳಗೆ ಹಿಡಿಕೆಗಳಿಗಾಗಿ ಕತ್ತರಿಸಿದ ಎಂಬತ್ತು ಉಕ್ಕಿನ ತುಂಡುಗಳಿದ್ದವು. ಅವರು ಹೊರಟ ಕೂಡಲೇ ಅಕ್ಕ ಮೊದಲನೆಯದನ್ನು ಬಿಗಿದಳು. ಹಳೆಯ ಕಿರುಚಾಟ ಮತ್ತೆ ಬರುತ್ತದೇನೋ ಎಂದು ನಾನು ಬಾಗಿಲಲ್ಲಿ ನಿಂತು ಕಿವಿಗೊಟ್ಟೆ. ಎರಡನೆಯದಕ್ಕೂ ನಿಂತೆ, ಮೂರನೆಯದಕ್ಕೂ. ನಾಲ್ಕನೆಯದರ ಹೊತ್ತಿಗೆ ಒಳಗೆ ಹೋಗಿ ನನ್ನ ಪಾಡಿಗೆ ನಾನು ಮಲಗಿದೆ. ನನಗೆ ಹಗಲು ಹೊತ್ತಿನಲ್ಲಿ ನಿದ್ದೆ ಹತ್ತಿದ್ದು ಅವತ್ತೇ ಮೊದಲು.