ಎಡಮುಖದ ರಾಣಿ

ಹಲ್ಲಿನ ಡಾಕ್ಟರು ಬೀದಿ ಗುಡಿಸುವ ಹೆಂಗಸಿನ ದವಡೆ ಹಲ್ಲು ಕಿತ್ತರು. ಅವಳ ಹತ್ತಿರ ದುಡ್ಡಿರಲಿಲ್ಲ. ಅವಳ ಕೊರಳ ದಾರದಲ್ಲಿದ್ದ ಬೆಳ್ಳಿ ನಾಣ್ಯವನ್ನು ಬಿಚ್ಚಿಸಿ ಇಟ್ಟುಕೊಂಡರು. ಅದು ಅವಳ ತಾಯಿಯದು.

ಇದಾದದ್ದು ಮಂಗಳವಾರ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಂದಿನಂತೆ ನಾಣ್ಯ ಬಳಗದ ನಾಲ್ವರು ನೋಟ್‌ಬುಕ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸೇರಿದರು. ಮೇಜಿನ ಮೇಲೆ ಹಸಿರು ಬಟ್ಟೆ. ಗೋಡೆಯ ಮೇಲೆ, ಬಳಗದ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರ ದುಂಡಗಿನ ಅಕ್ಷರದಲ್ಲಿ ನಿಯಮಗಳ ಹಲಗೆ: ನಾಣ್ಯವನ್ನು ತೊಳೆಯಬಾರದು, ಉಜ್ಜಬಾರದು, ಲೇಪ ಹಾಕಬಾರದು, ತೂತು ಮುಚ್ಚಬಾರದು, ಮಾಡಿದವರು ಬಳಗದಿಂದ ಹೊರಗೆ. ನಾಣ್ಯ ಯಾರ ಕೈಯಿಂದ ಬಂತು, ಹೇಗೆ ಬಂತು ಎಂಬುದಕ್ಕೆ ಆ ಹಲಗೆಯಲ್ಲಿ ಜಾಗವಿರಲಿಲ್ಲ.

ಗಡಿಯಾರ ರಿಪೇರಿಯವನು ಎಲ್ಲರಿಗಿಂತ ಮೊದಲೇ ಬಂದು ಕಿಟಕಿ ಪಕ್ಕದ ಕುರ್ಚಿ ಹಿಡಿದಿದ್ದ. ಹೊತ್ತು ಹುಟ್ಟಿದರೆ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವವನಾದ್ದರಿಂದ ಬಳಗದಲ್ಲಿ ಅವನಿಗೆ ಒಕ್ಕಣ್ಣ ಎಂದೇ ಹೆಸರು. ಯಾರು ಏನೇ ಕೊಂಡು ತರಲಿ, ಒಕ್ಕಣ್ಣ ನೋಡಿ ಅಸಲಿ ಎಂದು ಚೀಟಿ ಬರೆದರಷ್ಟೇ ಅದು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಪ್ರದರ್ಶನಕ್ಕೆ ಹೋಗುತ್ತಿತ್ತು. ಕೊಳ್ಳುವವರು ಅವರು, ನೋಡುವವನು ಇವನು. ಹದಿನೈದು ವರ್ಷದಿಂದ ಇದೇ ಕಟ್ಟಳೆ. ಹದಿನೈದು ವರ್ಷದಿಂದ ಅವನ ಹೊಟ್ಟೆಯಲ್ಲಿ ಒಂದು ಸಣ್ಣ ಒಲೆ ಆರದೆ ಉರಿಯುತ್ತಿತ್ತು.

ಅವನದೂ ಒಂದು ಸಂಗ್ರಹವಿತ್ತು. ರಾಣಿಯ ಕಾಲದ ಬೆಳ್ಳಿ ನಾಣ್ಯಗಳು, ವರ್ಷಕ್ಕೊಂದರಂತೆ ಇಪ್ಪತ್ತೆರಡು. ಒಂದೊಂದರ ಹಿಂದೆಯೂ ಎಷ್ಟೋ ಗೋಡೆ ಗಡಿಯಾರಗಳ ಧೂಳು, ಹೆಂಡತಿಯ ಎಷ್ಟೋ ಮುನಿಸು. ಮಖಮಲ್ಲಿನ ತಟ್ಟೆಯಲ್ಲಿ ಇಪ್ಪತ್ತಮೂರು ಗುಳಿ. ಕೊನೆಯ ಗುಳಿ ಎಡಮುಖದ ರಾಣಿಯದು. ಟಂಕಸಾಲೆಯವರು ಒಂದೇ ಒಂದು ಬೇಸಿಗೆ ರಾಣಿಯ ಮುಖವನ್ನು ಎಡಕ್ಕೆ ತಿರುಗಿಸಿ ಅಚ್ಚು ಹಾಕಿದ್ದರು. ಅಚ್ಚು ಬಿರುಕು ಬಿಟ್ಟಿತು, ಕೆಲಸ ನಿಂತಿತು. ಆ ಬಿರುಕು ರಾಣಿಯ ಕಿವಿಯಿಂದ ಅಂಚಿನವರೆಗೆ ಕೂದಲೆಳೆಯಂತೆ ಎದ್ದು ಕಾಣಬೇಕು. ಕಂಡರೆ ಅಸಲಿ.

"ಆ ಗುಳಿಗೆ ಒಂದು ಅಂಗಿ ಗುಂಡಿ ಇಟ್ಟು ಮುಚ್ಚಿಬಿಡ್ರೀ," ಎಂದು ಹೆಂಡತಿ ಹೇಳುತ್ತಿದ್ದಳು. "ನೀವು ಅದನ್ನ ನೋಡೋ ಹಾಗೆ ನನ್ನನ್ನ ಒಂದು ದಿನ ನೋಡಿದ್ರೆ ನಾನು ಉಬ್ಬಿ ಹೋಗ್ತಿದ್ದೆ."

ಸರದಿ ಮರದ ವ್ಯಾಪಾರದ ಸಾಹುಕಾರರಿಂದ ಶುರುವಾಯಿತು. ಕಿರುಬೆರಳಿನ ಉಗುರಿನಷ್ಟು ಚಿನ್ನದ ನಾಣ್ಯವೊಂದನ್ನು ಅವರು ಹಸಿರು ಬಟ್ಟೆಯ ಮೇಲೆ ಇಟ್ಟರು.

"ಹರಾಜು ನಡೀತಿರೋವಾಗ ಬಚ್ಚಲಲ್ಲಿದ್ದೆ ಕಣ್ರೀ. ಮೈಯೆಲ್ಲ ಸೋಪು. ಫೋನು ಹಿಡ್ಕೊಂಡು ಅಲ್ಲಿಂದಲೇ ಕೂಗ್ದೆ. ಕಣ್ಣು ಉರೀತು, ಬೆಲೆ ಏರ್ತು, ನಾನು ಬಿಡಲಿಲ್ಲ."

"ಬಚ್ಚಲಲ್ಲೇ ಇಷ್ಟಾದ್ರೆ ಅಂಗಡೀಲಿ ಕೂತಿದ್ರೆ ಟಂಕಸಾಲೇನೇ ಕೊಳ್ತಿದ್ರೇನೋ," ಎಂದರು ಮೇಷ್ಟ್ರು. ಆಮೇಲೆ ತಮ್ಮದನ್ನು ತೆಗೆದರು. ಅಕ್ಷರ ಎರಡೆರಡು ಸಲ ಬಿದ್ದಿದ್ದ ತಾಮ್ರದ ನಾಣ್ಯ. "ನಮ್ಮ ಷಡ್ಡಕ ಇದನ್ನ ಕಿಟಕಿ ಅಲ್ಲಾಡದ ಹಾಗೆ ಸಂದಿಗೆ ಸಿಕ್ಕಿಸಿಟ್ಟಿದ್ದ. ಅಲ್ಲಿಗೆ ಒಂದು ಕಟ್ಟಿಗೆ ಚೂರು ತುರುಕಿ, ಇದನ್ನ ಜೇಬಿಗೆ ಹಾಕ್ಕೊಂಡು ಬಂದೆ. ಕಿಟಕಿ ಈಗಲೂ ಅಲ್ಲಾಡಲ್ಲ. ಅವನಿಗೇನು ನಷ್ಟ?"

ಎಲ್ಲರೂ ನಕ್ಕರು. ಒಕ್ಕಣ್ಣನೂ ನಕ್ಕ. ಆಮೇಲೆ ತನ್ನ ಪೊಟ್ಟಣ ಬಿಚ್ಚಿದ. ಅಚ್ಚು ಪಕ್ಕಕ್ಕೆ ಜಾರಿ ಅರ್ಧಚಂದ್ರದಂತೆ ಬಿದ್ದಿದ್ದ ತಾಮ್ರದ ಕಾಸು. ಅದಕ್ಕಾಗಿ ಅವನು ಒಬ್ಬ ಮುದುಕನ ಮೂರು ಗಡಿಯಾರ ರಿಪೇರಿ ಮಾಡಿದ್ದ. "ಚೆನ್ನಾಗಿದೆ, ಚೆನ್ನಾಗಿದೆ," ಎಂದು ಸಾಹುಕಾರರು ನೋಡದೆಯೇ ಮೇಷ್ಟ್ರಿಗೆ ದಾಟಿಸಿದರು. ಮೇಷ್ಟ್ರು ಅದನ್ನು ಕೈಯಲ್ಲೇ ಹಿಡಿದುಕೊಂಡು ಡಾಕ್ಟರ ಪೆಟ್ಟಿಗೆಯ ಕಡೆ ಕತ್ತು ಚಾಚಿದರು. ಕೃತಕ ಹಲ್ಲಿನ ಸೆಟ್ಟು ಇಡುವ ನೀಲಿ ಪೆಟ್ಟಿಗೆ. ಡಾಕ್ಟರು ಅದರ ಮುಚ್ಚಳ ತೆಗೆದರು.

ರಾಣಿ ಎಡಕ್ಕೆ ನೋಡುತ್ತಿದ್ದಳು.

ಕೆಳಗಡೆ ಬೀದಿಯಲ್ಲಿ ಪೊರಕೆಯ ಸದ್ದು ಸರಸರ ಕೇಳುತ್ತಿತ್ತು. ಒಕ್ಕಣ್ಣ ಕುರ್ಚಿಯಿಂದ ಅರ್ಧ ಎದ್ದ. ಡಾಕ್ಟರಿಗೆ ರಾಣಿಯ ಮೇಲೆ ಯಾವ ಪ್ರೀತಿ? ಮೂರು ವರ್ಷದ ಹಿಂದೆ ಅಂಚೆಚೀಟಿ ಕೂಡಿಸುತ್ತಿದ್ದ ಮನುಷ್ಯ. ಅದು ಬೇಸರವಾಗಿ ಇದಕ್ಕೆ ಬಂದವನು. ಅವನ ಮನೆಗೆ ಹೋಗಿ ಕೂತಳಲ್ಲ! ಕೈಗೆ ಸಿಕ್ಕರೆ ಆ ನೀಲಿ ಪೆಟ್ಟಿಗೆಯನ್ನು ಡಾಕ್ಟರ ಬಾಯಿಗೇ ತುರುಕಿಬಿಡಬೇಕು ಎನ್ನಿಸಿತು.

"ನಮ್ಮಜ್ಜಿ ಪೆಟ್ಟಿಗೆ ತಳದಲ್ಲಿ ಸಿಕ್ಕಿತು," ಎಂದರು ಡಾಕ್ಟರು.

"ಹೋದ ತಿಂಗಳೂ ಅಜ್ಜಿ ಪೆಟ್ಟಿಗೆ, ಅದರ ಹಿಂದಿನ ತಿಂಗಳೂ ಅಜ್ಜಿ ಪೆಟ್ಟಿಗೆ," ಸಾಹುಕಾರರಿಗೂ ಒಳಗೇ ಕುದಿಯುತ್ತಿತ್ತು. "ಆ ಪೆಟ್ಟಿಗೆಗೆ ತಳ ಅನ್ನೋದು ಇದೆಯೇನ್ರೀ?"

"ಹೊಟ್ಟೆಕಿಚ್ಚು ಪಡಬೇಡಿ ಸಾಹುಕಾರ್ರೇ, ಹಲ್ಲು ಸವೆಯುತ್ತೆ. ತಗೊಳ್ಳಯ್ಯ ಒಕ್ಕಣ್ಣ, ನೋಡು. ಬೇಗ ಚೀಟಿ ಬರಿ. ಪ್ರದರ್ಶನಕ್ಕೆ ಹೆಸರು ಕೊಡೋಕೆ ನಾಳೆಯೇ ಕೊನೆ."

ಒಕ್ಕಣ್ಣ ಗಾಜು ಸಿಕ್ಕಿಸಿಕೊಂಡು ನಾಣ್ಯದ ಅಂಚು ಹಿಡಿದು ಎತ್ತಿದ. ಸುಳ್ಳಾಗಿರಲಿ, ನಕಲಿಯಾಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಕಿವಿಯಿಂದ ಅಂಚಿಗೆ ಕೂದಲೆಳೆಯ ಗೆರೆ ಇತ್ತು. ಅಸಲಿ. ಕಿರೀಟದ ಮೇಲಕ್ಕೆ ಕಣ್ಣು ಸರಿಸಿದ. ಅಂಚಿನ ಸುತ್ತ ಚುಕ್ಕಿಗಳ ಸಾಲು. ಅದರಲ್ಲಿ ಎರಡು ಚುಕ್ಕಿ ಮಾತ್ರ ಅಚ್ಚಿನಿಂದ ಎದ್ದವಲ್ಲ. ಸುತ್ತ ಕೊರೆದು ಉಳಿಸಿದವು. ಅಲ್ಲೊಂದು ಕಾಳಿನಷ್ಟು ಜಾಗ ಉಳಿದ ಬೆಳ್ಳಿಗಿಂತ ಒಂದು ಚೂರು ಬೆಳ್ಳಗಿತ್ತು. ತೂತು ಇದ್ದದ್ದನ್ನು ತುಂಬಲಾಗಿತ್ತು, ಹುಳುಕು ಹಲ್ಲನ್ನು ತುಂಬುವ ಹಾಗೆ, ಅಷ್ಟೇ ಒಪ್ಪವಾಗಿ.

ಅವನ ಹೊಟ್ಟೆಯ ಒಲೆಗೆ ತುಪ್ಪ ಸುರಿದಂತಾಯಿತು. ಸಿಕ್ಕಿಬಿದ್ರಲ್ಲ, ಡಾಕ್ಟ್ರೇ! ಸಂತೋಷದಲ್ಲಿ ನಾಣ್ಯವನ್ನು ಸ್ವಲ್ಪ ತಿರುಗಿಸಿದ. ರಾಣಿಯ ಕತ್ತಿನ ಕೆಳಗೆ, ಅಂಚಿನಲ್ಲಿ, ಗಾಜಿಗೆ ಮಾತ್ರ ಕಾಣುವಂತೆ ಸಣ್ಣ ಸಣ್ಣ ತಗ್ಗು. ಈ ಬದಿ ನಾಲ್ಕು, ಆ ಬದಿ ನಾಲ್ಕು. ಹಲ್ಲಿನ ಗುರುತು.

ಆ ಹಲ್ಲುಗಳು ಅವನಿಗೆ ಗೊತ್ತಿದ್ದವು.

ಹನ್ನೊಂದು ವರ್ಷದಿಂದ, ಬೆಳಿಗ್ಗೆ ಏಳಕ್ಕೆ ಅವನು ಅಂಗಡಿಯ ಬಾಗಿಲೆತ್ತುವ ಹೊತ್ತಿಗೆ ಆ ಹೆಂಗಸು ಅಲ್ಲಿ ಗುಡಿಸುತ್ತಿರುತ್ತಾಳೆ. ಬಗ್ಗಿದಾಗ ಕೊರಳಿನ ನಾಣ್ಯ ತೂಗಾಡಿ ಗಲ್ಲಕ್ಕೆ ಬಡಿಯುತ್ತದೆಂದು ಅದನ್ನು ಮುಂದಿನ ಹಲ್ಲುಗಳಲ್ಲಿ ಕಚ್ಚಿ ಹಿಡಿದಿರುತ್ತಾಳೆ. ಒಂದು ಸಲ ಅವಳೇ ಕೇಳಿದ್ದಳು: "ಅಣ್ಣಾ, ನೀವು ಹಳೇ ದುಡ್ಡು ನೋಡ್ತೀರಂತಲ್ಲ, ಇದು ಏನಾದ್ರೂ ಬಾಳುತ್ತಾ?" ಅವನು ಕೈಯಲ್ಲಿದ್ದ ಗಡಿಯಾರದಿಂದ ತಲೆಯೆತ್ತದೆ, "ತೂತು ಬಿದ್ದದ್ದಕ್ಕೆ ಬೆಲೆ ಇಲ್ಲ ಕಣಮ್ಮ, ಸುಮ್ನೆ ಹಾಕ್ಕೊಂಡಿರು," ಎಂದಿದ್ದ. ಸಂಗ್ರಹಕಾರನ ಕಣ್ಣು ತೂತು ಕಂಡ ತಕ್ಷಣ ಮುಚ್ಚಿಕೊಂಡಿತ್ತು. ರಾಣಿ ಯಾವ ಕಡೆ ನೋಡುತ್ತಿದ್ದಾಳೆಂದು ಆ ಕಣ್ಣು ತಿರುಗಿಸಿ ನೋಡಿರಲಿಲ್ಲ.

ಮೊನ್ನೆ ಬುಧವಾರ ಅವಳು ಬಾತ ಕೆನ್ನೆಗೆ ಬಟ್ಟೆ ಒತ್ತಿಕೊಂಡು ಬಂದಿದ್ದಳು. ಕೊರಳು ಬರಿದಾಗಿತ್ತು. "ಎಲ್ಲಮ್ಮ ಅದು?" ಎಂದು ಕೇಳಿದ್ದಕ್ಕೆ, "ಹಲ್ಲು ಡಾಕ್ಟ್ರು ಬಿಚ್ಚು ಅಂದ್ರು ಅಣ್ಣ. ಬೆಲೆ ಇಲ್ಲದ್ದು, ಆದ್ರೂ ಹೋಗ್ಲಿ ಅಂದ್ರು. ನೀವೂ ಹಂಗೇ ಅಂದಿದ್ರಲ್ಲ, ಅದಕ್ಕೇ ಬಿಚ್ಚಿ ಕೊಟ್ಟೆ," ಎಂದಿದ್ದಳು. ಅವನು ಅಯ್ಯೋ ಪಾಪ ಎಂದು, ಕೈಯಲ್ಲಿದ್ದ ಗಡಿಯಾರಕ್ಕೆ ಮರಳಿದ್ದ.

ಈಗ ಕುರ್ಚಿಯಲ್ಲಿ ಕೂತವನಿಗೆ ಸಂಕಟವಾಯಿತು. ಅವಳಿಗಾಗಿ ಎಂದುಕೊಂಡರೆ ಸುಳ್ಳಾದೀತು. ಹನ್ನೊಂದು ವರ್ಷ ಮೂಗಿನ ಕೆಳಗೆ ತೂಗಾಡುತ್ತಿದ್ದದ್ದು ಡಾಕ್ಟರ ಪಾಲಾಯಿತಲ್ಲ ಎಂದೇ ಆ ಸಂಕಟ.

"ಏನಯ್ಯ, ಅದರೊಳಗೇ ಹೊಕ್ಕುಬಿಟ್ಯಾ?" ಎಂದರು ಡಾಕ್ಟರು. ಬಗ್ಗಿ, ಅವನಿಗಷ್ಟೇ ಕೇಳುವಂತೆ ದನಿ ಇಳಿಸಿದರು. "ನನಗೆ ಬೇಕಿರೋದು ಬಹುಮಾನ. ಅದೊಂದು ಮುಗೀಲಿ, ವಸ್ತು ನೀನೇ ಇಟ್ಕೊ. ಆ ಖಾಲಿ ಗುಳಿ ವಿಷಯ ನಂಗೊತ್ತು. ಬರಿ."

ಒಕ್ಕಣ್ಣ ಪೆನ್ನು ತೆಗೆದ. ಅಸಲಿ ಎಂದು ಬರೆಯಲು ಮೂರು ಅಕ್ಷರ ಸಾಕು. ಮೂರು ಅಕ್ಷರಕ್ಕೆ ರಾಣಿ ಅವನ ಮನೆಗೆ ಬರುತ್ತಾಳೆ. ಆದರೆ ಡಾಕ್ಟರ ಕೈಯಿಂದ, ಎಂಜಲಿನ ಹಾಗೆ, ಡಾಕ್ಟರು ಬಹುಮಾನದ ಕಪ್ಪು ಎತ್ತಿ ಫೋಟೋ ತೆಗೆಸಿಕೊಂಡು ಮುಗಿದ ಮೇಲೆ. ಅದನ್ನು ನೆನೆದೊಡನೆ ಪೆನ್ನಿನ ಮುಚ್ಚಳ ತಾನಾಗಿ ಮುಚ್ಚಿಕೊಂಡಿತು.

"ತೂತು ಮುಚ್ಚಿದ್ದಾರೆ," ಎಂದ ಗಟ್ಟಿಯಾಗಿ. "ಕಿರೀಟದ ಮೇಲೆ. ಹಲ್ಲು ಕೊರೆಯೋ ಮೆಷೀನಲ್ಲಿ ಚುಕ್ಕಿ ಕೊರೆದಿದ್ದಾರೆ."

ಸಾಹುಕಾರರು ಎದ್ದೇ ನಿಂತರು. ಅಂಥ ಖುಷಿ ಅವರ ಮುಖದಲ್ಲಿ ಚಿನ್ನದ ನಾಣ್ಯ ಇಟ್ಟಾಗಲೂ ಇರಲಿಲ್ಲ. ಮೇಷ್ಟ್ರ ಮುಖ ಕಪ್ಪಿಟ್ಟಿತು. ಗಾಜು ಕಸಿದುಕೊಂಡು ನೋಡಿದರು.

"ಡಾಕ್ಟ್ರೇ! ಬಳಗದ ಮರ್ಯಾದೆ ತೆಗೆದುಬಿಟ್ರಲ್ಲ! ತೂತು ಮುಚ್ಚೋದಾ? ಇದಕ್ಕಿಂತ ಹೇಯ ಕೆಲಸ ಇದೆಯಾ?"

"ಅದು ಅಜ್ಜಿ ಪೆಟ್ಟಿಗೇದೂ ಅಲ್ಲ," ಎಂದ ಒಕ್ಕಣ್ಣ. "ಕೆಳಗೆ ಗುಡಿಸ್ತಾ ಇದ್ದಾಳಲ್ಲ, ಅವಳದು. ಹಲ್ಲು ಕಿತ್ತು, ಕೊರಳಿಂದ ಬಿಚ್ಚಿಸಿಕೊಂಡಿದ್ದಾರೆ."

"ಅದಿರಲಿ ಕಣಯ್ಯ," ಮೇಷ್ಟ್ರು ಕೈ ಬೀಸಿದರು. "ಅದು ಅವರವರ ವ್ಯವಹಾರ. ಮುಚ್ಚಿದ್ದು ಹೇಗೆ? ಬೆಳ್ಳಿ ತಂತಿ ಕಾಯಿಸಿ ಇಳಿಸಿದ್ರಾ? ಹೇಳಿ ಡಾಕ್ಟ್ರೇ!"

ಅರ್ಧ ಗಂಟೆ ಆ ಕೋಣೆಯಲ್ಲಿ ತೂತಿನ ನ್ಯಾಯ ನಡೆಯಿತು. ಬಿಚ್ಚಿಸಿಕೊಂಡದ್ದರ ಮಾತನ್ನು ಯಾರೂ ಎತ್ತಲಿಲ್ಲ. ಕೊನೆಗೆ ಡಾಕ್ಟರು ಕೆಂಪಗಾಗಿ ನಾಣ್ಯವನ್ನು ಒಕ್ಕಣ್ಣನ ಮುಂದೆ ಎಸೆದರು.

"ತಗೋ! ನಿನ್ನ ಹೊಟ್ಟೆಕಿಚ್ಚು ತಣ್ಣಗಾಗಲಿ. ತೂತು ನಾಣ್ಯ, ತೂತು ಬಳಗ!" ಧಡಧಡನೆ ಮೆಟ್ಟಿಲಿಳಿದು ಹೋದರು.

ಉಳಿದಿಬ್ಬರೂ ಆ ನಾಣ್ಯದ ಕಡೆ ಮತ್ತೆ ತಿರುಗಿ ನೋಡಲಿಲ್ಲ. ಒಕ್ಕಣ್ಣ ಅದನ್ನು ಜೇಬಿಗೆ ಹಾಕಿಕೊಂಡು ಎದ್ದ.

ಹದಿನೆಂಟು ಮೆಟ್ಟಿಲು. ಮೊದಲ ಆರು ಮೆಟ್ಟಿಲು ಅವನು ಗೆದ್ದವನ ಹಾಗೆ ಇಳಿದ. ಆಮೇಲೆ ಕಾಲು ನಿಧಾನವಾಯಿತು. ಜೇಬಿನಲ್ಲಿ ರಾಣಿ ಬೆಚ್ಚಗಿದ್ದಳು. ಗುಡಿಸುವವಳು ಇದನ್ನು ಕೊಟ್ಟಾಯಿತು, ಮರೆತೂ ಆಯಿತೇನೋ. ಯಾರು ಕೇಳುತ್ತಾರೆ? ತೂತಿದ್ದರೇನು, ತನ್ನ ತಟ್ಟೆ ಪ್ರದರ್ಶನಕ್ಕೆ ಹೋಗಬೇಕಾಗಿಲ್ಲ. ಹಿತ್ತಲ ಬಾಗಿಲಿನಿಂದ ದಾಟಿದರೆ ಐದು ನಿಮಿಷಕ್ಕೆ ಮನೆ. ಮೆಟ್ಟಿಲಿನ ಕೊನೆಯಲ್ಲಿ ಎಡಕ್ಕೆ ಹಿತ್ತಲ ಬಾಗಿಲು, ಬಲಕ್ಕೆ ಬೀದಿ. ಅವನು ಎಡಕ್ಕೇ ತಿರುಗಿದ್ದ.

"ಅಣ್ಣಾ," ಎಂದಿತು ಹಿಂದಿನಿಂದ ದನಿ. "ಡಾಕ್ಟ್ರು ಬೈಕೊಂಡು ಹೋದ್ರು ನನ್ನ. ನಾನೇನು ಮಾಡ್ದೆ?"

ಪೊರಕೆ ಹಿಡಿದು ನಿಂತಿದ್ದಳು. ಕೆನ್ನೆಯ ಬಾವು ಇಳಿದಿತ್ತು. ಕೊರಳಲ್ಲಿ ಬರೀ ದಾರ; ಅದನ್ನು ಅವಳು ತೆಗೆದಿರಲಿಲ್ಲ. ಒಕ್ಕಣ್ಣನ ಕೈ ಜೇಬಿಗೆ ಹೋಯಿತು, ಬಂತು. ಅಂಗೈಯಲ್ಲಿ ರಾಣಿ. ಬೆರಳು ಮಾತ್ರ ಬಿಡಿಸಿಕೊಳ್ಳಲು ಒಪ್ಪಲಿಲ್ಲ.

"ನಿಂದೇ," ಎಂದ. "ಕೇಳಿಲ್ಲಿ ತಾಯಿ. ಅವತ್ತು ನಾನು ನೋಡದೆ ಹೇಳ್ಬಿಟ್ಟೆ. ಇದು ಸಾಮಾನ್ಯದ್ದಲ್ಲ. ಇಂಥದ್ದಕ್ಕೆ ನಾನು ಹದಿನೈದು ವರ್ಷ ಕಾದಿದೀನಿ. ಕೊರಳಲ್ಲಿ ಹಾಕ್ಕೊಂಡ್ರೆ ಸವೆದು ಹೋಗುತ್ತೆ. ನನ್ನ ಹತ್ರ ಮಖಮಲ್ಲಿನ ತಟ್ಟೆ ಇದೆ. ಅದರಲ್ಲಿಡ್ತೀನಿ. ನಿಂದೇ ಅಂತ ಬರೆದು ಕೊಡ್ತೀನಿ. ಯಾವಾಗ ಬೇಕಾದ್ರೂ ಬಂದು ನೋಡ್ಕೊಂಡು ಹೋಗು."

"ನಮ್ಮವ್ವಂದನ್ನ ನೋಡೋಕೆ ನಿಮ್ಮನೇಗೆ ಬರಬೇಕಾ?" ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. ಅವನ ಬೆರಳು ಬಿಡಿಸಿ ನಾಣ್ಯ ಎತ್ತಿಕೊಂಡು ಬೆಳಕಿಗೆ ಹಿಡಿದಳು. "ತೂತು ಎಲ್ಲಿ ಹೋಯ್ತು?"

"ಡಾಕ್ಟ್ರು ಮುಚ್ಚಿದಾರೆ."

"ಮುಚ್ಚಿದ್ರೆ ದಾರ ಎಲ್ಲಿ ಹಾಕ್ಲಿ? ನಿಮ್ಮ ಹತ್ರ ಸಣ್ಣ ಉಳಿ ಐತಲ್ಲ, ತೆಗೀರಿ."

ಅವನು ಪಕ್ಕದಲ್ಲೇ ಇದ್ದ ತನ್ನ ಅಂಗಡಿ ತೆರೆದ. ಗಡಿಯಾರದ ಪಿನ್ನು ಹೊಡೆಯುವ ಮೊಳೆ ಇಟ್ಟು, ಪುಟ್ಟ ಸುತ್ತಿಗೆ ಎತ್ತಿದವನು ಮೂರು ಸಲ ಕೆಳಗಿಟ್ಟ. ನಾಲ್ಕನೆಯ ಸಲ ಹೊಡೆದ. ಡಾಕ್ಟರು ತುಂಬಿದ ಬೆಳ್ಳಿ ಟಿಣ್ಣನೆ ಹಾರಿ ಮೇಜಿನ ಕೆಳಗೆ ಬಿತ್ತು. ಅವಳು ಅಲ್ಲೇ ನಿಂತು ದಾರ ಪೋಣಿಸಿ, ಗಂಟು ಹಾಕಿ, ಗಂಟನ್ನು ಎಳೆದು ನೋಡಿದಳು.

"ಹಾಕ್ಕೋ, ಆಯ್ತು," ಎಂದ ಒಕ್ಕಣ್ಣ. "ಕಚ್ಚಬೇಡ ಮಾತ್ರ. ರಾಣಿ ಕತ್ತಿನ ಕೆಳಗೆ ಆಗಲೇ ಗುರುತು ಬಿದ್ದಿದೆ. ಇನ್ನೊಂದು ಸಲ ಅದನ್ನ ಹಲ್ಲಲ್ಲಿ ಹಿಡೀಬೇಡ, ಗೊತ್ತಾಯ್ತಾ?"

ಅವಳು ಪೊರಕೆ ಎತ್ತಿಕೊಂಡು ಅಂಗಡಿಯ ಮುಂದಿನ ಕಸದತ್ತ ಬಗ್ಗಿದಳು. ನಾಣ್ಯ ತೂಗಾಡಿತು. ಅದನ್ನು ಮುಂದಿನ ಹಲ್ಲುಗಳಲ್ಲಿ ಗಟ್ಟಿಯಾಗಿ ಕಚ್ಚಿ ಹಿಡಿದು, ಅವನ ಕಡೆ ಮುಖವೆತ್ತಿ, ಆಗುವುದಿಲ್ಲ ಎಂದು ತಲೆಯಾಡಿಸಿದಳು.